ಬ್ರಷ್ ವಾಪಸ್ ಬಂದ ದಿನದ ಎಂಜಿನ್

ಹೊಗೆ ಪರೀಕ್ಷೆಯವನು ಸ್ಕೂಟರಿನ ಸೈಲೆನ್ಸರಿನ ಬಾಯಿಂದ ಕೊಳವೆ ಎಳೆದು, ಅದರ ತುದಿಯನ್ನು ಚಿಂದಿಬಟ್ಟೆಯಲ್ಲಿ ಎರಡೆರಡು ಸಲ ಒರೆಸಿದ. ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸುವ ಗೋಜಿಗೆ ಹೋಗಲಿಲ್ಲ. ಕೆಂಪು ಚೀಟಿಯೊಂದನ್ನು ಕಿತ್ತು ಸ್ಕೂಟರಿನ ಹೆಡ್‌ಲೈಟಿನ ಗಾಜಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಹೋದ ಸಲದ ಚೀಟಿಯ ಅಂಟು ಅಲ್ಲಿ ಇನ್ನೂ ಹಾಗೇ ಇತ್ತು.

ಇದು ಎರಡನೆಯ ಸಲ. ಹದಿನೈದು ದಿನದೊಳಗೆ ಮತ್ತೊಮ್ಮೆ ತರಬಹುದು, ಆಗಲೂ ಹೊಗೆ ಮಿತಿ ಮೀರಿದರೆ ನಂಬರ್ ರದ್ದಾಗಿ ಗಾಡಿ ಇಲ್ಲಿಂದಲೇ ಹಿಂದಿನ ಅಂಗಳಕ್ಕೆ ಹೋಗುತ್ತದೆ ಎಂದು ಅವನು ಬಾಯಿಪಾಠ ಒಪ್ಪಿಸಿದ. ಹಿಂದಿನ ಅಂಗಳದಲ್ಲಿ ಒಂದರ ಮೇಲೊಂದು ಬಿದ್ದಿದ್ದ ಹಳೆಯ ಸ್ಕೂಟರುಗಳು ತಗಡಿನ ಬೇಲಿಯ ಮೇಲಿಂದ ಇಣುಕುತ್ತಿದ್ದವು. ಅವುಗಳ ಆಚೆ ಜಜ್ಜುವ ಯಂತ್ರ. ಬೇಲಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಗುಜರಿಯವನನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವೇನಿರಲಿಲ್ಲ.

"ಅಕ್ಕಾ, ಇಷ್ಟು ದೂರ ತಂದಿದ್ದೀಯ. ಇನ್ನು ಹತ್ತೇ ಹೆಜ್ಜೆ. ನಾನೂ ಒಂದು ಕೈ ಹಾಕ್ತೀನಿ, ತಳ್ಳು," ಎಂದ ಹದ್ದು.

"ನಿನ್ನ ಸ್ಟೂಲಿನ ಕಾಲು ಅಲ್ಲಾಡ್ತಿದೆ. ಮೊದಲು ಅದನ್ನ ಒಳಗೆ ತಳ್ಳು."

ಪರೀಕ್ಷೆಯವನಿಗೆ ನಗು ಬಂತು. ಅವನ ವಯಸ್ಸು ಆ ಸ್ಕೂಟರಿಗಿಂತ ನಾಲ್ಕಾರು ವರ್ಷ ಹೆಚ್ಚಿದ್ದರೆ ಹೆಚ್ಚು. "ಅದನ್ನ ಮಾಡಿದ ಕಂಪನಿಯೇ ಮುಚ್ಚಿಹೋಯ್ತಲ್ಲಮ್ಮ, ನೀವ್ಯಾಕೆ ಇನ್ನೂ ಜೋತು ಬಿದ್ದಿದ್ದೀರಿ?" ಎಂದ.

"ಕಂಪನಿ ಮುಚ್ಚಿತು ತಮ್ಮಾ. ನಾನು ಮುಚ್ಚಿಲ್ಲ."

ಮೂರನೆಯ ಒದೆತಕ್ಕೆ ಎಂಜಿನ್ ಎದ್ದಿತು. ಎದ್ದ ಕೂಡಲೇ ಬಿಳಿಯ ಹೊಗೆ ಹದ್ದನ್ನೂ ಅವನ ಸ್ಟೂಲನ್ನೂ ಮುಚ್ಚಿಹಾಕಿತು. ಗೇಟು ದಾಟುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಕೆಮ್ಮು ಕೇಳಿದಾಗ ಒಂದು ಕ್ಷಣ ಖುಷಿಯಾದದ್ದು ನಿಜ, ಮರುಕ್ಷಣ ಮುಖ ಬಿಸಿಯಾದದ್ದೂ ನಿಜ.

ಅವಳದು ಹೊಲಿಗೆ ಮಷಿನ್ ರಿಪೇರಿಯ ಕೆಲಸ. ಕೆಟ್ಟ ಮಷಿನ್ನಿನ ತಲೆಯನ್ನು ಸ್ಕೂಟರಿನಲ್ಲಿ ಎರಡು ಪಾದಗಳ ನಡುವೆ ನಿಲ್ಲಿಸಿಕೊಂಡು ತರುವುದು, ಸರಿಮಾಡಿ ಹಾಗೆಯೇ ಒಯ್ದು ಕೊಡುವುದು. ಅಷ್ಟು ಭಾರದ ಕಬ್ಬಿಣವನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಸ್ಕೂಟರ್ ಹೋದರೆ ಕೆಲಸವೂ ಹೋಯಿತು. ಆದರೆ ಬರೀ ಅಷ್ಟೇ ಆಗಿದ್ದರೆ ಅವಳು ಹೀಗೆ ಹಲ್ಲು ಕಚ್ಚುತ್ತಿರಲಿಲ್ಲ. ಆ ಎಂಜಿನ್ ಅವಳ ಕೈ ದಾಟಿ ಬಂದದ್ದು.

ಸ್ಕೂಟರ್ ಕಾರ್ಖಾನೆಯ ಸೀಲ್ ಬೆಂಚಿನಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಳು. ಸೀಲ್ ಎಂದರೆ ಅಂಗೈಯಲ್ಲಿ ಅಡಗುವ ಕಪ್ಪು ರಬ್ಬರಿನ ಬಳೆ. ಎಂಜಿನ್ನಿನ ಒಂದು ಕಡೆ ಪೆಟ್ರೋಲ್ ಉರಿಯುತ್ತದೆ, ಇನ್ನೊಂದು ಕಡೆ ಗೇರುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ನಡುವೆ ತಿರುಗುವ ಉಕ್ಕಿನ ದಂಡವನ್ನು ಅಪ್ಪಿಕೊಂಡು, ಈಚಿನದು ಆಚೆ ಹೋಗದ ಹಾಗೆ ಕಾಯುವುದು ಸೀಲಿನ ಕೆಲಸ. ಕೂರಿಸುವ ಮೊದಲು ಅದರ ತುಟಿಗೆ ಬ್ರಷ್ಷಿನಲ್ಲಿ ಎಣ್ಣೆ ಸವರಬೇಕು. ಎಣ್ಣೆಯಿಲ್ಲದೆ ಒಣದಾಗಿ ಕೂರಿಸಿದರೆ ತುಟಿ ಸುಟ್ಟು ಗಡುಸಾಗಿ, ಕಾಯಬೇಕಾದ ದಂಡವನ್ನೇ ಕೊರೆಯತೊಡಗುತ್ತದೆ. ಕೂರಿಸಿದ ಪ್ರತಿಯೊಂದರ ಪಕ್ಕದಲ್ಲೂ ಅವಳು ಮೊಳೆಯ ತುದಿಯಿಂದ ಒಂದು ಚುಕ್ಕೆ ಇಡುತ್ತಿದ್ದಳು. ಕಂಪನಿ ಕೇಳಿದ್ದಲ್ಲ, ಅವಳದೇ ಲೆಕ್ಕ.

ಒಂದು ದಿನ ಕೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ ಹಿಡಿದವನೊಬ್ಬ ಬಂದು ಅವಳ ಹಿಂದೆ ನಿಂತ. ಬ್ರಷ್ ಅದ್ದಿ ತೆಗೆಯುವುದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ ಎಂದು ಬರೆದುಕೊಂಡ. ಮರುದಿನ ಬೆಂಚಿನ ಮೇಲೆ ಬ್ರಷ್ ಇರಲಿಲ್ಲ, ಎಣ್ಣೆಯ ಬಟ್ಟಲೂ ಇರಲಿಲ್ಲ. ಅವಳು ಬೆರಳನ್ನು ತನ್ನ ಜಡೆಯ ಬುಡಕ್ಕೆ ಒರೆಸಿ, ತಲೆಗೆ ಹಚ್ಚಿಕೊಂಡಿದ್ದ ಎಣ್ಣೆಯನ್ನೇ ಸೀಲಿನ ತುಟಿಗೆ ಸವರಿದಳು. ಅದನ್ನೂ ಗಡಿಯಾರದವನು ಕಂಡ. ಎಲ್ಲ ಹೆಂಗಸರಿಗೂ ಬಿಗಿಯಾದ ಟೋಪಿ ಬಂತು. ಅಂದಿನಿಂದ ಒಣ ಸೀಲುಗಳು. ಅವುಗಳ ಚುಕ್ಕೆಯ ಪಕ್ಕದಲ್ಲಿ ಅವಳು ಒಂದು ಗೀರನ್ನೂ ಎಳೆದಳು, ಮುಂದೆ ಎಂದಾದರೂ ಬಿಚ್ಚಿದವರಿಗೆ ಇದು ಯಾರ ಪಾಪ ಎಂದು ತಿಳಿಯಲಿ ಎಂದು. ಒಂಬತ್ತನೆಯ ದಿನ ಇಡೀ ಸಾಲು ಕೈಕಟ್ಟಿ ಕೂತಿತು. ಬ್ರಷ್ ಬೇಕು, ಅಷ್ಟೇ. ಬೆದರಿಕೆ ಬಂತು, ಊಟದ ಗಂಟೆ ಬಂತು, ದೊಡ್ಡವರು ಬಂದರು. ಕೊನೆಗೆ ಬ್ರಷ್ ಬಂತು.

ಆ ದಿನದ ಎಂಜಿನ್ನಿನ ನಂಬರನ್ನು ಅವಳು ಸೀಮೆಸುಣ್ಣದಲ್ಲಿ ಮುಂಗೈ ಮೇಲೆ ಬರೆದುಕೊಂಡಿದ್ದಳು. ಕೆಲಸಗಾರರಿಗೆ ಒಂದೊಂದು ಗಾಡಿ ಕಡಿಮೆ ಬೆಲೆಗೆ ಕೊಟ್ಟಾಗ, ಬಣ್ಣ ನೋಡದೆ, ಅದೇ ನಂಬರ್ ಬೇಕೆಂದು ಹಟ ಹಿಡಿದು ತಂದಳು. ಬ್ರಷ್ ವಾಪಸ್ ಬಂದ ಮೇಲಿನ ಮೊದಲ ಎಂಜಿನ್. ನಾವು ಗೆದ್ದದ್ದು ಇದು ಎಂದು ಕಂಡವರಿಗೆಲ್ಲ ತೋರಿಸಿದಳು. ಎರಡು ವರ್ಷಕ್ಕೆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಗೆದ್ದದ್ದು ಮಾತ್ರ ಮನೆಯ ಮುಂದೆ ನಿಂತಿತ್ತು.

ಆದರೆ ಅದು ಮೊದಲಿನಿಂದಲೂ ಹೊಗೆ ಕಾರುತ್ತಿತ್ತು. ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕಲ್ಲ, ಆ ಕೆಲಸ ಗಂಡನದು. ಅವನ ಕೈ ಧಾರಾಳ, ಅದಕ್ಕೇ ಹೊಗೆ ಎಂದು ಅವಳು ಷರಾ ಬರೆದುಬಿಟ್ಟಿದ್ದಳು. ಗಂಡ ಗಾಜು ಕತ್ತರಿಸುವವನು. ಕೂದಲೆಳೆ ತಪ್ಪಿದರೆ ಇಡೀ ಹಲಗೆ ಒಡೆಯುವ ಕಸುಬಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಅಳತೆ ಗೊತ್ತಿಲ್ಲವೆಂದು ಹದಿನೈದು ವರ್ಷ ಅಂದಳು. ಆಮೇಲೆ ಅಳತೆಯ ಡಬ್ಬಿಯನ್ನೇ ಕಿತ್ತುಕೊಂಡು ತಾನೇ ಸುರಿಯತೊಡಗಿದಳು. ಹೊಗೆ ಒಂದೆಳೆಯೂ ಕಮ್ಮಿಯಾಗಲಿಲ್ಲ. ನೀವು ಹದಿನೈದು ವರ್ಷ ಸುರಿದದ್ದು ಇನ್ನೂ ಸೈಲೆನ್ಸರಿನಲ್ಲಿ ಕೂತಿದೆ, ಹೇಗೆ ಹೋಗಬೇಕು ಎಂದಳು. ಅಂದಿನಿಂದ ಪೆಟ್ರೋಲ್ ಬಂಕಿಗೆ ಹೋದಾಗಲೆಲ್ಲ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಿದ್ದ.

ಕೆಂಪು ಚೀಟಿಯ ಮರುದಿನವೇ ಅವಳು ಸೈಲೆನ್ಸರ್ ಬಿಚ್ಚಿ, ಹಿತ್ತಲಿನಲ್ಲಿ ಕಟ್ಟಿಗೆಯ ಬೆಂಕಿಗೆ ಹಾಕಿ ಕೆಂಪಗೆ ಕಾಯಿಸಿ, ಬಡಿದು ಕರಿ ಉದುರಿಸಿದಳು. ಕಾರ್ಬ್ಯುರೇಟರ್ ಬಿಚ್ಚಿ, ಅದರ ಸೂಜಿಗಣ್ಣಿನಂಥ ರಂಧ್ರಗಳನ್ನು ಹಲ್ಲುಜ್ಜುವ ಬ್ರಷ್ಷಿನ ಒಂದೇ ಎಳೆಯಿಂದ ತೊಳೆದಳು. ಹೊಸ ಪ್ಲಗ್ ಹಾಕಿದಳು. ಎಣ್ಣೆಯನ್ನು ಗಂಡನ ಕಣ್ಣ ಮುಂದೆಯೇ ಗೆರೆಗೆ ಸರಿಯಾಗಿ ಅಳೆದಳು. ಎಲ್ಲ ಮುಗಿಸಿ ಎಂಜಿನ್ ಚಾಲೂ ಮಾಡಿ, ಸೈಲೆನ್ಸರಿಗೆ ಒಂದು ಬಿಳಿಯ ಬಟ್ಟೆ ಹಿಡಿದಳು. ನೂರು ಎಣಿಸಿ ತೆಗೆದಾಗ ಬಟ್ಟೆಯ ಮೇಲೆ ಅಂಗೈಯಗಲದ ಎಣ್ಣೆಯ ಕಲೆ.

ಗಂಡ ಒಳಗೆ ಹೋಗಿ, ತನ್ನ ಪೆಟ್ಟಿಗೆಯ ತಳದಿಂದ ಬೆರಳಗಲದ ಒಂದು ಗಾಜಿನ ಪಟ್ಟಿ ತಂದು ಅವಳ ಮುಂದೆ ಇಟ್ಟ. ಅದರ ಮೇಲೆ ಒಂದರ ಕೆಳಗೊಂದು ತೆಳ್ಳಗಿನ ಗೀಟುಗಳು. ಗೇರಿನ ಎಣ್ಣೆಯೊಳಗೆ ಪ್ರತಿ ಭಾನುವಾರ ಈ ಪಟ್ಟಿ ಅದ್ದಿ, ಎಣ್ಣೆ ಎಲ್ಲಿಯವರೆಗಿದೆಯೋ ಅಲ್ಲಿ ಒಂದು ಗೀಟು ಹಾಕಿದ್ದೇನೆ ಎಂದ. ಪ್ರತಿ ಸಲ ಎಣ್ಣೆ ತುಂಬಿಸಿದ ಮೇಲೂ ವಾರ ವಾರಕ್ಕೂ ಗೀಟು ಕೆಳಗಿಳಿದಿತ್ತು.

"ನೆಲದ ಮೇಲೆ ಒಂದು ತೊಟ್ಟೂ ಸೋರಿಲ್ಲ. ಹಾಗಾದ್ರೆ ಎಣ್ಣೆ ಎಲ್ಲಿಗೆ ಹೋಯ್ತು?"

ಅವಳಿಗೆ ಉತ್ತರ ಗೊತ್ತಿತ್ತು, ಸೀಲ್ ದಾಟಿ ಪೆಟ್ರೋಲ್ ಉರಿಯುವ ಕಡೆಗೆ. ಹನ್ನೊಂದು ವರ್ಷ ಸೀಲ್ ಕೂರಿಸಿದವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಸೀಲ್ ಅಂತೀರಾ? ಅದು ನನ್ನ ಕೈಯದ್ದು."

"ನಾನು ಏನೂ ಅನ್ನಲಿಲ್ಲ. ಗಾಜು ಅಂತು."

"ಎಷ್ಟು ದಿನದಿಂದ ಹಾಕ್ತಿದ್ದೀರಿ ಈ ಗೀಟು?"

"ಎರಡು ವರ್ಷ."

"ಎರಡು ವರ್ಷದಿಂದ ಬಾಯಿಗೆ ಏನಾಗಿತ್ತು?"

"ಹೇಳಿದ್ರೆ ನೀನು ಬಿಚ್ಚುತ್ತಿದ್ದದ್ದು ಎಂಜಿನ್ನನ್ನಾ, ನನ್ನನ್ನಾ?"

ಎರಡು ದಿನ ಅವಳು ಸ್ಕೂಟರಿನ ಹತ್ತಿರ ಸುಳಿಯಲಿಲ್ಲ. ಯಾರದೋ ಮಷಿನ್ನಿನ ಕೊಕ್ಕೆ ಸರಿಮಾಡಿದಳು, ಇನ್ಯಾರದೋ ಪೆಡಲ್ಲಿಗೆ ಎಣ್ಣೆ ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ಅಂಗಳದಲ್ಲಿ ಗೋಣಿ ಹಾಸಿ, ಎಂಜಿನ್ ಇಳಿಸಿದಳು. ಹುಟ್ಟಿದಾಗಿನಿಂದ ಬಿಚ್ಚಿರದ ಬೋಲ್ಟುಗಳು. ಒಂದೊಂದೂ ಕಿರುಗುಟ್ಟಿ ಸಡಿಲವಾಯಿತು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಎರಡು ಹೋಳಾಗಿ ಗೋಣಿಯ ಮೇಲೆ ಮಲಗಿತು.

ಸೀಲ್ ಕಲ್ಲಿನಂತೆ ಗಡುಸಾಗಿತ್ತು. ಅದರ ತುಟಿ ಒಳಕ್ಕೆ ಮುದುರಿ ಸೀಳಿತ್ತು. ಸೀಲ್ ಕೂತ ಜಾಗದಲ್ಲಿ ದಂಡದ ಸುತ್ತ ಒಂದು ಹಳ್ಳ. ಉಗುರು ಆಡಿಸಿದರೆ ಅಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಅವಳು ಪಕ್ಕದ ಅಲ್ಯೂಮಿನಿಯಮ್ಮಿನ ಮೇಲಿನ ಜಿಡ್ಡನ್ನು ಪೆಟ್ರೋಲಿನಲ್ಲಿ ಒರೆಸಿದಳು. ಚುಕ್ಕೆ ಇತ್ತು, ಅವಳ ಚುಕ್ಕೆ. ಚುಕ್ಕೆಯ ಪಕ್ಕದಲ್ಲಿ ಒಂದು ಗೀರು.

ಗೀರೆಂದರೆ ಒಣ ಸೀಲ್. ಅವಳು ಅದನ್ನು ಮತ್ತೊಮ್ಮೆ ಒರೆಸಿದಳು. ಗಂಡ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಬ್ರಷ್ ಬಂದಾಗ ಸಾಲಿಗೆ ಸಾಲೇ ಕೂಗಿ ಎದ್ದು ನಿಂತದ್ದನ್ನು, ಟೋಪಿಗಳು ಗಾಳಿಗೆ ಹಾರಿದ್ದನ್ನು ಅವಳು ಹೇಳಿದಳು. ಆ ಗದ್ದಲದಲ್ಲಿ ಬೆಂಚಿನ ಮೇಲೆ, ಸೀಲ್ ಒತ್ತಿ ಮುಗಿಸಿದ್ದ ಎಂಜಿನ್ ಒಂದಿತ್ತು. ಕೈಕಟ್ಟಿ ಕೂರುವ ಮೊದಲು ಮಾಡಿದ ಕೊನೆಯದು.

"ಅದನ್ನ ಸರಿಸಿ, ಮುಂದಿನದರ ನಂಬರ್ ಬರೀಬೇಕಿತ್ತು. ನಾನು ಖುಷಿಯಲ್ಲಿ ಕೈ ಕೆಳಗಿದ್ದದ್ದರದ್ದೇ ಬರೆದೆ."

ಇಪ್ಪತ್ತು ದಿನ ಅಲ್ಲ, ಇಪ್ಪತ್ತು ತಿಂಗಳೂ ಅಲ್ಲ. ಗಡಿಯಾರದವನು ಉಳಿಸಿದ ಎರಡು ಸೆಕೆಂಡು ಇಪ್ಪತ್ತು ವರ್ಷ ಹೊಗೆಯಾಗಿ ಉರಿದಿತ್ತು. ಅವಳ ಬೆನ್ನ ಹಿಂದೆ ನಡೆದವರ ಕಣ್ಣುಗಳಲ್ಲಿ ಉರಿದಿತ್ತು. ಅವಳ ಮನೆಯಲ್ಲೂ ಉರಿದಿತ್ತು, ಅದೂ ತಪ್ಪು ಮನುಷ್ಯನ ಮೇಲೆ.

"ಹಾಗಾದ್ರೆ ನನ್ನ ಕೈ?" ಗಂಡ ಕೇಳಿದ.

"ನಿಮ್ಮ ಕೈಯ ವಿಚಾರ ಆಮೇಲೆ. ಈಗ ಆ ಸೀಲ್ ಕೂರುವ ಗುಳಿಯ ಅಳತೆ ತೆಗೆದು ಕೊಡಿ."

ಬಿಡಿಭಾಗದ ಅಂಗಡಿಗಳಲ್ಲಿ ಆ ಕಂಪನಿಯ ಹೆಸರು ಹೇಳಿದರೆ ನಗುತ್ತಿದ್ದರು. ಒಬ್ಬ, ಆ ಗಾಡಿಯನ್ನು ಹೂಕುಂಡ ಮಾಡಿಕೊಳ್ಳಿ ಎಂದ. ಅವಳು ಹೆಸರು ಹೇಳುವುದನ್ನು ಬಿಟ್ಟು ಅಳತೆ ಹೇಳತೊಡಗಿದಳು. ಗಂಡ ಕೂದಲೆಳೆಯ ಲೆಕ್ಕದಲ್ಲಿ ಬರೆದುಕೊಟ್ಟಿದ್ದ ಮೂರು ಅಂಕಿಗಳು, ಸೀಲಿನ ಒಳಗಿನ ಅಗಲ, ಹೊರಗಿನ ಅಗಲ, ದಪ್ಪ. ಐದನೆಯ ದಿನ, ಪಂಪುಗಳಿಗೆ ಸೀಲ್ ಮಾರುವ ಒಂದು ಗೂಡಂಗಡಿಯಲ್ಲಿ, ಪೆಟ್ರೋಲಿಗೆ ಕರಗದ ರಬ್ಬರಿನಲ್ಲಿ ಅದೇ ಅಳತೆಯದು ಸಿಕ್ಕಿತು.

ದಂಡದ ಹಳ್ಳದ ಮೇಲೆಯೇ ಹೊಸ ತುಟಿ ಕೂತರೆ ಮತ್ತೆ ಸೋರುತ್ತದೆ. ಆದ್ದರಿಂದ ಸೀಲನ್ನು ಒಂದು ಮಿಲಿಮೀಟರಿನಷ್ಟು ಒಳಗೆ ಕೂರಿಸಿ, ಸವೆಯದ ಉಕ್ಕಿನ ಮೇಲೆ ತುಟಿ ಬರುವ ಹಾಗೆ ಮಾಡಬೇಕಿತ್ತು. ಗಂಡ ಒಂದು ಕಣ್ಣು ಮುಚ್ಚಿ ಅಂಚು ನೋಡುತ್ತ, ಇನ್ನೊಂಚೂರು, ಇನ್ನೊಂಚೂರು, ಸಾಕು ಎಂದ. ಒತ್ತುವ ಮೊದಲು ಅವಳು ಎದ್ದು ಹೋಗಿ, ಮಷಿನ್ನುಗಳಿಗೆ ಎಣ್ಣೆ ಹಾಕುವ ಬ್ರಷ್ ತಂದಿದ್ದಳು. ಅದನ್ನು ಬಟ್ಟಲಲ್ಲಿ ಅದ್ದಿ, ತುಟಿಯ ಸುತ್ತ ಒಂದು ಸಲ ಸವರಿ, ಮತ್ತೊಂದು ಸಲ ಸವರಿ, ಬೇಕೆಂದೇ ಮೂರನೆಯ ಸಲವೂ ಸವರಿದ್ದಳು. ಯಾರೂ ಹಿಂದೆ ನಿಂತು ಎಣಿಸುತ್ತಿರಲಿಲ್ಲ. ಹಳೆಯ ಗೀರನ್ನು ಅಳಿಸಲು ಹೋಗಲಿಲ್ಲ. ಅದರ ಆಚೆ ಬದಿಗೆ ಮೊಳೆಯಿಂದ ಇನ್ನೊಂದು ಚುಕ್ಕೆ ಇಟ್ಟಳು.

ಹದಿನಾಲ್ಕನೆಯ ದಿನ ಗಂಡ ಹಿಂದೆ ಕೂತು ಬಂದ. ಹದ್ದು ಸ್ಟೂಲಿನ ಕಾಲಿಗೆ ಒಂದು ಇಟ್ಟಿಗೆ ಕೊಟ್ಟುಕೊಂಡಿದ್ದ. ಅವಳನ್ನು ಕಂಡು ಬೇಲಿಯ ಬಾಗಿಲನ್ನು ಪೂರ್ತಿ ತೆರೆದ.

ಪರೀಕ್ಷೆಯವನು ಕೊಳವೆ ತೂರಿಸಿ, ಪರದೆ ನೋಡಿದ. ಕೊಳವೆ ಎಳೆದು ತುದಿ ನೋಡಿದ. ಮತ್ತೆ ತೂರಿಸಿ, ಎಂಜಿನ್ ಜೋರು ಮಾಡಿ ಎಂದ. ಅವಳು ಜೋರು ಮಾಡಿದಳು. ತಗಡಿನ ಬೇಲಿ ನಡುಗುವಷ್ಟು ಸದ್ದು ಬಂತು.

"ಪರದೆ ಈ ಕಡೆ ತಿರುಗಿಸು ತಮ್ಮಾ," ಎಂದಳು.

ಅವನು ತಿರುಗಿಸಿದ. ಅಂಕಿ ಮಿತಿಗಿಂತ ಸಾಕಷ್ಟು ಕೆಳಗಿತ್ತು. ಮೆಕ್ಯಾನಿಕ್ ಯಾರು ಎಂದು ಅವನು ಕೇಳಿದ. ಅವಳು ಗಾಡಿಯ ಮೇಲಿಂದಲೇ ಜಿಡ್ಡು ಹಿಡಿದ ಉಗುರುಗಳ ಎರಡು ಕೈಗಳನ್ನೂ ಅವನ ಮುಂದೆ ಚಾಚಿದಳು. ಹಸಿರು ಚೀಟಿಯನ್ನು ಅವನು ಅಂಟಿಸಲು ಬಂದಾಗ, ಮೊದಲು ನೀನು ಅಂಟಿಸಿದ್ದರ ಕಲೆ ತೆಗೆ, ಆಮೇಲೆ ಇದು ಎಂದಳು. ಅವನು ಚಿಂದಿಬಟ್ಟೆಯನ್ನು ನೀರಲ್ಲಿ ಅದ್ದಿ ತಂದು ಉಜ್ಜುವವರೆಗೂ ಅವಳು ಗಾಡಿ ಇಳಿಯಲಿಲ್ಲ, ಎಂಜಿನ್ನನ್ನೂ ಆರಿಸಲಿಲ್ಲ. ಹದ್ದು ಬೇಲಿಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡ.

ವಾಪಸ್ ಬರುವಾಗ ಬಂಕಿನಲ್ಲಿ ನಿಲ್ಲಿಸಿದಳು. ಗಂಡ ಇಳಿದು, ಅಭ್ಯಾಸದಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಷ್ಟು ದೂರ ಹೋಗಿ ನಿಂತ. ಅವಳು ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಅಳತೆಯ ಡಬ್ಬಿಯನ್ನು ಅವನತ್ತ ಚಾಚಿದಳು. ಮುಖ ಮಾತ್ರ ರಸ್ತೆಯ ಕಡೆಗಿತ್ತು.

"ನಾನಾ?"

"ಮತ್ತೆ ಯಾರು? ಬನ್ರೀ, ಹಿಂದೆ ಸಾಲು ನಿಂತಿದೆ."

ಅವನು ಒಂದು ಕಣ್ಣು ಮುಚ್ಚಿ, ಎಣ್ಣೆಯನ್ನು ಗೆರೆಯವರೆಗೆ ತುಂಬಿ, ಟ್ಯಾಂಕಿಗೆ ಸುರಿದ. ಡಬ್ಬಿಯ ಬಾಯಲ್ಲಿ ನಿಂತ ಕೊನೆಯ ಹನಿಯನ್ನು ಬೆರಳಲ್ಲಿ ತಡೆದು, ಒರೆಸಲು ಎಲ್ಲಾದರೂ ಬಟ್ಟೆ ಇದೆಯೇ ಎಂದು ಸುತ್ತ ನೋಡಿದ. ಅವಳು ಅವನ ಬೆರಳನ್ನು ಹಿಡಿದೆಳೆದು, ಅದನ್ನು ತನ್ನ ನರೆತ ಜಡೆಯ ಬುಡಕ್ಕೆ ಒರೆಸಿಕೊಂಡು, ಕಿಕ್ ಮೇಲೆ ಕಾಲಿಟ್ಟಳು.