ಹಗ್ಗದ ಹಿಂದಿನವನು

ಮೂರು ಎನ್ನುವ ಮೊದಲೇ ಡಂಕನ್ ಎತ್ತಿಬಿಟ್ಟಿದ್ದ.

ವಾರಿಕ್‌ನ ಮೊಣಕಾಲುಗಳನ್ನು ಹಿಡಿದುಕೊಂಡಿದ್ದ ಮರ್ಲೀನ್ "ತಡಿಯೋ, ತಡಿಯೋ" ಎನ್ನುತ್ತ ಅಡ್ಡಡ್ಡ ಹೆಜ್ಜೆ ಹಾಕಿದಳು. ಗಾಲಿಕುರ್ಚಿಯಿಂದ ಎದ್ದ ಮೈ ಒಂದು ಗಳಿಗೆ ಯಾರದೂ ಅಲ್ಲವೆಂಬಂತೆ ಗಾಳಿಯಲ್ಲಿ ತೂಗಿ, ಬಕೆಟ್ಟಿನೊಳಗೆ ಓರೆಯಾಗಿ ಕುಸಿಯಿತು. ಬಕೆಟ್ಟು ಎಂದರೆ ಒಂದೇ ಸ್ಕೀಯ ಮೇಲೆ ಸ್ಪ್ರಿಂಗಿಟ್ಟು ಕೂರಿಸಿದ ಆಸನ. ಕಾಲಿಲ್ಲದವರು, ಕಾಲಿದ್ದೂ ಇಲ್ಲದವರು ಅದರಲ್ಲಿ ಕೂತು ಹಿಮದ ಮೇಲೆ ಇಳಿಯುತ್ತಾರೆ.

"ಹರಾಜಲ್ಲಿ ಹೀಗೆ ಆತುರ ಪಟ್ರೆ ಕುಂಟು ಹಸು ಹೊಡ್ಕೊಂಡು ಮನೆಗೆ ಹೋಗ್ತೀರಿ, ಮೇಷ್ಟ್ರೇ," ಎಂದ ವಾರಿಕ್.

"ಸಾರಿ. ಪೆಟ್ಟಾಯ್ತಾ?"

"ಸೊಂಟದ ಕೆಳಗೆ ಏನಾದ್ರೂ ಮುರಿದಿದ್ರೆ ಡಾಕ್ಟ್ರು ಫೋನ್ ಮಾಡಿ ತಿಳಿಸ್ತಾರೆ ಬಿಡಿ."

ಮರ್ಲೀನ್ ಗಹಗಹಿಸಿ ನಕ್ಕಳು. ಸ್ವಯಂಸೇವಕರ ಗುಡಿಸಲನ್ನು ನಡೆಸುವವಳು ಅವಳು. ಅರವತ್ತು ದಾಟಿದ್ದರೂ ಎಲ್ಲದಕ್ಕೂ ನಗಬಲ್ಲವಳು. ತಾನೂ ನಗಬೇಕೆಂದು ಡಂಕನ್‌ಗೆ ಹೊಳೆಯುವಷ್ಟರಲ್ಲಿ ನಗುವ ಹೊತ್ತು ಕಳೆದಿತ್ತು.

ವಾರಿಕ್ ಕೂಮಾ ಎಂಬ ಊರಿನ ದನದ ಸಂತೆಯಲ್ಲಿ ಹರಾಜು ಕೂಗುವವನು. ಬಯಲಿನಲ್ಲಿ ಬೈಕು ಮಗುಚಿ ಬೆನ್ನುಮೂಳೆ ಮುರಿದ ಮೇಲೂ ಕೂಗುತ್ತಾನೆ. ಮುಂಚೆ ಕೊಟ್ಟಿಗೆಗಳ ಮೇಲಿನ ಹಲಗೆಯಲ್ಲಿ ಅತ್ತಿತ್ತ ನಡೆಯುತ್ತ ಕೂಗುತ್ತಿದ್ದ, ಈಗ ಒಂದೇ ಕಡೆ ಕೂತು.

ಡಂಕನ್ ಕ್ಯಾನ್‌ಬೆರಾದ ಕಾಲೇಜಿನಲ್ಲಿ ಸೇತುವೆ ಕಟ್ಟುವುದನ್ನು ಕಲಿಸುತ್ತಾನೆ. ಸೇತುವೆ ಕಟ್ಟಿಲ್ಲ. ಚಳಿಗಾಲದ ಶನಿವಾರಗಳಂದು ಇನ್ನೂ ಬೆಳಕು ಹರಿಯುವ ಮೊದಲು ಕಾರು ಹತ್ತಿ ಬೆಟ್ಟಕ್ಕೆ ಬಂದು ಭಾನುವಾರದವರೆಗೆ ಇರುತ್ತಾನೆ. "ಹೋಗ್ತೀಯಾ?" ಎಂದು ಹೆಂಡತಿ ಹೊದಿಕೆಯೊಳಗಿನಿಂದ ಕೇಳುತ್ತಾಳೆ. "ಹ್ಞೂಂ." ಆ ಪ್ರಶ್ನೆಯಲ್ಲಿರುವುದು ಬೇಸರವೋ ಬಿಡುಗಡೆಯೋ ಎಂದು ಮೊದಮೊದಲು ಯೋಚಿಸುತ್ತಿದ್ದ.

ದೊಡ್ಡ ಮನಸ್ಸು ನಿನ್ನದು ಎಂದು ಜೊತೆಯವರು ಹೇಳುತ್ತಾರೆ. ಡಂಕನ್ ತನ್ನ ಮನಸ್ಸನ್ನು ಅಳೆಯಲು ಹೋಗಿಲ್ಲ. ಅವನ ಕೆಲಸ ಹಗ್ಗ ಹಿಡಿಯುವುದು. ಬಕೆಟ್ಟಿನ ಅಡಿಯ ಚೌಕಟ್ಟಿಗೆ ಬಿಗಿದ ಎರಡು ಉದ್ದ ಹಗ್ಗಗಳ ತುದಿ ಅವನ ಮಣಿಕಟ್ಟಿನಲ್ಲಿರುತ್ತದೆ. ಮುಂದಿನವನು ಇಳಿಯುತ್ತಾನೆ. ಹಿಂದಿನವನು ತಾನೂ ಸ್ಕೀಯ ಮೇಲೆ ಜಾರುತ್ತ ಅವನ ವೇಗವನ್ನು ಹಿಡಿದು ಹಿಡಿದು ಬಿಡುತ್ತಾನೆ. ಎರಡೂ ಕೈಗೆ ಒಂದೊಂದು ಎಳೆತ. ಅಷ್ಟು ಹೊತ್ತು ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ.

ಬರುವುದು ಅದಕ್ಕೆ.

ತಂತಿಗೆ ತೂಗುಹಾಕಿದ ಕುರ್ಚಿಗಳಲ್ಲಿ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟಿನವನು ಯಂತ್ರವನ್ನು ನಿಧಾನ ಮಾಡಿದ. ಡಂಕನ್ ಬಕೆಟ್ಟನ್ನು ಹಿಂದಿನಿಂದ ಎತ್ತಿ ಕುರ್ಚಿಗೆ ಸೇರಿಸಿ, ಪಟ್ಟಿ ಸಿಕ್ಕಿಸಿ ಪಕ್ಕದಲ್ಲಿ ಕೂತ. ಕಾಲ ಕೆಳಗೆ ಸ್ನೋ ಗಮ್ ಮರಗಳು ಬೆನ್ನು ಬಗ್ಗಿಸಿಕೊಂಡು ನಿಂತಿದ್ದವು. ಮೇಲಿನ ಏರಿನಲ್ಲಿ ಮಂಜು ಕವಿಯುತ್ತಿತ್ತು.

"ಇವತ್ತು ಸಡಿಲ ಬಿಡ್ತೀರಲ್ಲ?"

"ಬಿಡ್ತೀನಿ. ಮರ್ಲೀನ್ ಹೇಳಿದಾಳೆ."

ಬೆಟ್ಟದಲ್ಲಿ ಅದೊಂದು ಪದ್ಧತಿ. ಕೂತವನಿಗೆ ಇಳಿಯುವುದು ಬಂತು ಅನ್ನಿಸಿದ ದಿನ ಹಿಂದಿನವನು ಮೇಲಿನಿಂದ ಕೆಳಗಿನವರೆಗೆ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟುಕೊಂಡು ಬರಬೇಕು. ಹಗ್ಗ ಕೈಯಲ್ಲಿರುತ್ತದೆ, ಬೀಳುವ ಹಾಗಾದರೆ ಮಾತ್ರ ಎಳೆಯುವುದು. ಕೆಳಗೆ ಬಂದ ಮೇಲೆ ಹಿಂದಿನವನು ಒಂದೇ ಮಾತು ಹೇಳುತ್ತಾನೆ: ಸಡಿಲ, ಇಲ್ಲವೇ ಬಿಗಿ. ಸಡಿಲ ಎಂದರೆ ನಾಳೆಯಿಂದ ಹಗ್ಗವಿಲ್ಲ. ಬಿಗಿ ಎಂದರೆ ಮುಂದಿನ ಚಳಿಗಾಲದವರೆಗೆ ಹಗ್ಗ ಇರುತ್ತದೆ. ಚೌಕಟ್ಟಿಗೆ ಬಿದ್ದ ಎಳೆತ ಕೂತವನಿಗೆ ಸೊಂಟದ ಕೆಳಗೆ ಮುಟ್ಟುತ್ತದೆ, ಅಂದರೆ ಮುಟ್ಟುವುದೇ ಇಲ್ಲ. ಹಾಗಾಗಿ ಹಿಂದಿನವನ ಮಾತೇ ಕೊನೆ. ಎರಡನೆಯ ಸಲ ಯಾರೂ ಕೇಳುವುದಿಲ್ಲ.

"ನಾಳೆ ನನ್ನ ಮಗಳು ಬರ್ತಾಳೆ," ಎಂದ ವಾರಿಕ್. "ಟಿಲ್ಲಿ. ಹೋದ ಸಲ ಇಲ್ಲಿ ನನ್ನ ಫೋಟೋ ತೆಗೆದಿದ್ಲಲ್ಲ, ಶಾಲೇಲಿ ತೋರಿಸೋಕೆ. ಅದ್ರಲ್ಲಿ ನಿಮ್ಮನ್ನ ಕತ್ತರಿಸಿ ಹಾಕಿದಾಳೆ."

"ನನ್ನನ್ನಾ?"

"ಪೂರ್ತಿ. ಆದ್ರೆ ಹಗ್ಗ ಉಳ್ಕೊಂಡ್ಬಿಡ್ತು. ಎಲ್ಲಿಂದಲೋ ಬಂದು ನನ್ನ ಹಿಂಭಾಗಕ್ಕೆ ಸೇರ್ಕೊಂಡಿದೆ. ಸಂತೆಗೆ ಹೊಡ್ಕೊಂಡು ಬಂದ ಹೋರಿ ತರ ಕಾಣ್ತೀನಿ."

ಡಂಕನ್ ಬಕೆಟ್ಟಿನ ಪಟ್ಟಿಯನ್ನು ಮತ್ತೊಮ್ಮೆ ಎಳೆದು ನೋಡಿದ.

"ಆ ಅಂಕಲ್ ಹಿಂದೆ ಇಲ್ದೇ ಇದ್ರೆ ಮಾತ್ರ ನಿನ್ನ ಜೊತೆ ಇಳೀತೀನಿ ಅಂದ್ಲು. ಆಯ್ತು ಅಂದ್ಬಿಟ್ಟಿದೀನಿ. ಹತ್ತು ವರ್ಷ ಅವಳಿಗೆ. ಇನ್ನೊಂದು ವರ್ಷ ಹೋದ್ರೆ ಅಪ್ಪನ ಜೊತೆ ಬರೋ ವಯಸ್ಸೂ ಮುಗೀತು."

"ನೋಡೋಣ."

"ನೋಡೋಣ ಅನ್ನೋನು ಕೊಳ್ಳೋ ಗಿರಾಕಿ ಅಲ್ಲ, ಮೇಷ್ಟ್ರೇ!" ವಾರಿಕ್ ಮೊಣಕೈಯಿಂದ ಅವನ ಪಕ್ಕೆಗೆ ತಿವಿದ. "ಒಳ್ಳೇದಲ್ವಾ? ನಿಮಗೂ ಬಿಡುಗಡೆ. ಶನಿವಾರ ಬೆಚ್ಚಗೆ ಮನೇಲಿ ಬಿದ್ಕೊಂಡಿರಬಹುದು."

ಡಂಕನ್ ಶನಿವಾರದ ಮನೆಯನ್ನು ಕಣ್ಣ ಮುಂದೆ ತಂದುಕೊಂಡ. ಅಡುಗೆಮನೆಯ ಮೇಜು, ಅದರ ಮೇಲೆ ತನ್ನ ಎರಡು ಕೈಗಳು. ಅದಕ್ಕಿಂತ ಮುಂದೆ ಏನೂ ಕಾಣಲಿಲ್ಲ.

ಮೇಲೆ ಗಾಳಿ ಇರಲಿಲ್ಲ. ವಾರಿಕ್ ತುದಿಯಲ್ಲಿ ಪುಟ್ಟ ಸ್ಕೀಗಳಿರುವ ಕೈಗೋಲುಗಳನ್ನು ಎರಡೂ ಬದಿಗೆ ಊರಿ, ಹಿಂತಿರುಗಿ ನೋಡದೆ, "ಹೊರಟೆ" ಎಂದ.

ಹೊರಟ.

ಹಗ್ಗ ಜೋತುಬಿದ್ದು ಹಿಮವನ್ನು ಮುಟ್ಟಿತು. ಡಂಕನ್ ಹಿಂದೆಯೇ ಜಾರಿದ. ಮೊದಲ ತಿರುವು ಬಂತು. ವಾರಿಕ್ ಹೆಗಲನ್ನು ಕಣಿವೆಯ ಕಡೆಗೆ ವಾಲಿಸಿದ. ಬಕೆಟ್ಟು ಓಲಿ, ಸ್ಕೀ ಹಿಮವನ್ನು ಸರ್ರನೆ ಸೀಳಿ, ಮತ್ತೆ ನೆಟ್ಟಗಾಯಿತು. ಎರಡನೆಯ ತಿರುವಿನಲ್ಲೂ ಹಾಗೇ. ಹಗ್ಗ ಹಿಮದ ಮೇಲೆ ಸಣ್ಣದೊಂದು ಗೆರೆ ಎಳೆಯುತ್ತ, ಬಳುಕುತ್ತ, ಯಾರಿಗೂ ಬೇಡವಾಗಿ ಹಿಂಬಾಲಿಸುತ್ತಿತ್ತು.

ಚೆನ್ನಾಗಿ ಇಳಿಯುತ್ತಿದ್ದಾನೆ ಎಂದುಕೊಂಡ ಡಂಕನ್. ಆ ಮಾತು ತನ್ನೊಳಗೆ ಎಲ್ಲಿಯೂ ತಾಗದೆ ಹಾದುಹೋಯಿತು.

ಹಗ್ಗಕ್ಕೆ ಎಳೆಯುವುದೊಂದೇ ಗೊತ್ತು, ತಳ್ಳುವುದು ಗೊತ್ತಿಲ್ಲ: ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅವನು ಹೇಳುವ ವಾಕ್ಯ. ಆದರೆ ಎಳೆತ ಎರಡೂ ತುದಿಗೆ ಸಮ ಎನ್ನುವುದನ್ನು ಹೇಳುವಾಗ ಹುಡುಗರು ಕಿಟಕಿಯಾಚೆ ನೋಡುತ್ತಿರುತ್ತಾರೆ. ಈಗ ಅವನ ತುದಿಯಲ್ಲಿ ಏನೂ ಇರಲಿಲ್ಲ. ಇಷ್ಟು ದಿನ ತಾನು ವಾರಿಕ್‌ನನ್ನು ಹಿಡಿಯುತ್ತ ಅವನ ಮೇಲೆ ಆತುಕೊಂಡೇ ಇಳಿಯುತ್ತಿದ್ದೆ ಎಂದು ಕಾಲುಗಳಿಗೆ ತಿಳಿಯಿತು. ಕಾಲುಗಳ ವೇಗ ಹೆಚ್ಚುತ್ತಿತ್ತು. ಅವುಗಳನ್ನು ಯಾರೂ ತಡೆಯುತ್ತಿರಲಿಲ್ಲ.

ಕೆಳಗಿನ ದೊಡ್ಡ ತಿರುವಿನಲ್ಲಿ ಅವನ ಎಡಗಡೆಯ ಸ್ಕೀಯ ಅಂಚು ಹಿಮಕ್ಕೆ ಕಚ್ಚಿಕೊಂಡಿತು. ಮೈ ಮುಗ್ಗರಿಸಿತು. ಕೈ ತಾನಾಗಿ ಹಗ್ಗವನ್ನು ಜಗ್ಗಿತು.

ಹಗ್ಗ ಬಿಗಿಯಾಯಿತು. ಒಂದೇ ಒಂದು ಸಲ. ಆ ಎಳೆತಕ್ಕೆ ಆತು ಡಂಕನ್ ನೆಟ್ಟಗೆ ನಿಂತ. ಮುಂದೆ ಬಕೆಟ್ಟು ತುಸು ತೊನೆದಾಡಿ, ಮತ್ತೆ ತನ್ನ ದಾರಿ ಹಿಡಿದು, ಬುಡದವರೆಗೂ ಹರಿಯಿತು.

ಕೆಳಗೆ ವಾರಿಕ್ ಉಸಿರು ಸಿಕ್ಕಿದವನಂತೆ ಕಿರುಚುತ್ತಿದ್ದ. ಮೀಸೆಯ ತುಂಬ ಹಿಮ. "ನೋಡಿದ್ರಾ? ಮೇಷ್ಟ್ರೇ, ನೋಡಿದ್ರಾ ನನ್ನ? ಏನ್ ಸಡಿಲಾನಾ?"

ಮರ್ಲೀನ್ ಗುಡಿಸಲಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳೂ ಡಂಕನ್‌ನ ಬಾಯನ್ನೇ ನೋಡಿದಳು.

"ಒಂದು ಸಲ ಬಿಗಿಯಾಯ್ತು," ಎಂದ ಡಂಕನ್.

ಅದು ಸತ್ಯವಾಗಿತ್ತು.

"ಎಲ್ಲಿ?"

"ಕೆಳಗಿನ ತಿರುವಲ್ಲಿ."

"ಅಲ್ಲಿ ಒಂಚೂರು ತೊನೆದಂಗಾಯ್ತು." ವಾರಿಕ್ ಕೈಗೋಲಿನಿಂದ ಹಿಮವನ್ನು ಕೆದಕಿದ. "ಬೀಳ್ತಿದ್ನಾ ನಾನು?"

ಡಂಕನ್ ಕೈಗವಸು ಕಳಚತೊಡಗಿದ. ಬೆರಳೊಂದು ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಪ್ರಶ್ನೆ ಅಲ್ಲೇ ನಿಂತಿತ್ತು.

"ಹ್ಞೂಂ," ಎಂದ.

"ಹಾಗಾದ್ರೆ ಬಿಗಿ," ಎಂದಳು ಮರ್ಲೀನ್ ಮೆಲ್ಲಗೆ. "ಬೇಜಾರ್ ಮಾಡ್ಕೋಬೇಡ ಕಂದಾ. ಮುಂದಿನ ಚಳಿಗಾಲ ಎಲ್ಲೂ ಓಡಿಹೋಗಲ್ಲ. ಬಾ, ಸೂಪ್ ಬಿಸಿಯಾಗಿದೆ."

ಗುಡಿಸಲಿನಲ್ಲಿ ಒದ್ದೆ ಉಣ್ಣೆಯ ವಾಸನೆ, ಟೊಮೇಟೊ ಸೂಪಿನ ವಾಸನೆ. ಮರ್ಲೀನ್ ಚೀಸ್ ಇಟ್ಟು ಸುಟ್ಟ ಬ್ರೆಡ್ಡನ್ನು ಮುಂದಿಟ್ಟು ಹೋದಳು. ವಾರಿಕ್ ಮಗಳಿಗೆ ಫೋನ್ ಮಾಡಿದ.

"ಏನ್ ಮಾಡ್ತಿದೀಯ ಮರೀ?... ಹಾಂ, ಆಯ್ತು ಆಯ್ತು, ಈಗ ಇಳಿದೆ... ಸಕ್ಕತ್ತಾಗಿತ್ತು... ಇಲ್ಲ ಕಣೇ. ಹಗ್ಗ ಇರತ್ತೆ... ಇರತ್ತೆ ಅಂದ್ನಲ್ಲ... ಅಂಕಲ್ ಒಳ್ಳೇವ್ರು, ಅವರಿಲ್ದಿದ್ರೆ ಇವತ್ತು ಅಪ್ಪ ಮೂತಿ ಒಡ್ಕೋತಿದ್ದ... ಇಲ್ಲ, ಅವರನ್ನ ದೂರ ನಿಲ್ಲು ಅನ್ನೋಕಾಗಲ್ಲ, ಹಗ್ಗ ಅಷ್ಟೇ ಉದ್ದ ಇರೋದು..." ಅವನು ನಕ್ಕ. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ. "ಸರಿ. ಬೇಡ ಅಂದ್ರೆ ಬೇಡ. ಅಜ್ಜಿ ಮನೇಲೇ ಇರು. ಇಲ್ಲಪ್ಪಾ, ಯಾಕ್ ಬೇಜಾರು?"

ಫೋನನ್ನು ಬೋರಲು ಹಾಕಿದ. ಬ್ರೆಡ್ಡಿನ ಒಂದು ಮೂಲೆ ಮುರಿದು, ತಿನ್ನದೆ ಹಾಗೇ ಇಟ್ಟ.

"ಈಗ ಹೇಳು" ಎಂದು ಡಂಕನ್ ತನಗೆ ತಾನೇ ಹೇಳಿಕೊಂಡ. ವಾಕ್ಯ ಸಿದ್ಧವಾಗಿತ್ತು. ಬಿಗಿ ಮಾಡಿದ್ದು ನಾನು. ಕರ್ತೃ, ಕ್ರಿಯೆ, ಎಲ್ಲ ಸರಿಯಾಗಿ. ಅವನು ಸೂಪ್ ಕುಡಿದ.

ಮಧ್ಯಾಹ್ನ ಇಳಿಮುಖವಾದಾಗ ವಾರಿಕ್‌ನನ್ನು ಕೈಯಲ್ಲೇ ಎಲ್ಲ ನಡೆಸುವಂತೆ ಮಾಡಿಸಿಕೊಂಡ ಅವನ ಕಾರಿಗೆ ಸೇರಿಸಿದ್ದೂ ಡಂಕನ್ನೇ. ಈ ಸಲ ಮೂರು ಎಂದ ಮೇಲೆ ಎತ್ತಿದ. ಎರಡು ಕಾಲುಗಳನ್ನು ಒಂದಾದ ಮೇಲೊಂದು ಒಳಗಿಟ್ಟ. ಅವು ಇಟ್ಟಲ್ಲಿ ಇದ್ದವು. ವಾರಿಕ್ ಅವುಗಳನ್ನು ನೋಡಲಿಲ್ಲ, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ.

"ಏನೋ ಹೇಳ್ಬೇಕು ಅಂತಿದೀರಲ್ಲ, ಮೇಷ್ಟ್ರೇ."

"ಇಲ್ಲ."

"ಮುಖ ನೋಡಿದ್ರೆ ಹಾಗೆ ಅನ್ನಿಸ್ತು. ಹರಾಜು ಕೂಗೋನಿಗೆ ಗೊತ್ತಾಗತ್ತೆ. ಕೈ ಎತ್ತೋನು ಎತ್ತೋಕೆ ಮುಂಚೆ ಹೀಗೇ ಮಾಡ್ತಾನೆ."

"ರಸ್ತೆ ಮೇಲೆ ಮಂಜುಗಡ್ಡೆ ಇದೆ. ನಿಧಾನ ಹೋಗು."

ವಾರಿಕ್ ಅವನನ್ನು ಇನ್ನೊಂದು ಗಳಿಗೆ ನೋಡಿದ. ಒಂದು ಸಲ, ಎರಡು ಸಲ, ಇನ್ನಾರೂ ಇಲ್ಲ ಎಂದು ಕೂಗುವವನು ಸುತ್ತ ನೋಡುವ ಹಾಗೆ. ಆಮೇಲೆ ಕೈ ಚಾಚಿ ಡಂಕನ್‌ನ ಕೈ ಕುಲುಕಿದ. "ಥ್ಯಾಂಕ್ಸ್. ನಿಜವಾಗ್ಲೂ. ಹಿಂದೆ ಒಬ್ಬ ಇದಾನೆ ಅನ್ನೋದೊಂದು ಧೈರ್ಯ."

ಕಾರು ತಿರುವಿನಲ್ಲಿ ಮರೆಯಾಯಿತು. ಡಂಕನ್‌ಗೆ ನಾಚಿಕೆಯಾಗಬೇಕಿತ್ತು. ಅವನು ಅದಕ್ಕಾಗಿ ಕಾದ. ಬೆರಳುಗಳು ಚಳಿಗೆ ಮರಗಟ್ಟಿದಾಗ ಅವನ್ನು ಹಿಸುಕಿ ನೋವು ಬರುವುದನ್ನು ಕಾಯುತ್ತಾರಲ್ಲ, ಹಾಗೆ. ಬರಲಿಲ್ಲ.

ಯಾಕೆಂದು ತಿಳಿಯದೆ ಸ್ಕೀ ಹೆಗಲಿಗೇರಿಸಿ ಲಿಫ್ಟಿಗೆ ಹೋದ. ಮುಚ್ಚುವ ಹೊತ್ತು. ಲಿಫ್ಟಿನವನು ಸ್ವಯಂಸೇವಕರ ಕಿತ್ತಳೆ ಅಂಗಿ ನೋಡಿ ಸರಪಳಿ ಎತ್ತಿದ.

"ಏನಾದ್ರೂ ಬಿಟ್ಟು ಬಂದ್ರಾ?"

"ಹ್ಞೂಂ."

ಮೇಲೆ ಮಂಜು ದಟ್ಟವಾಗಿತ್ತು. ಅವನು ಒಬ್ಬನೇ, ಅಡ್ಡಡ್ಡಲಾಗಿ, ಮುದುಕನಂತೆ ಇಳಿದ. ಕೆಳಗಿನ ದೊಡ್ಡ ತಿರುವು ಸಿಕ್ಕಿತು. ಅಲ್ಲಿ ಎಲ್ಲ ಬರೆದಿಟ್ಟಂತೆ ಇತ್ತು. ವಾರಿಕ್‌ನ ಒಂಟಿ ಸ್ಕೀಯ ಆಳವಾದ, ದೃಢವಾದ ಬಾಗು. ಪಕ್ಕದಲ್ಲಿ ಬಳುಕಿ ಬಳುಕಿ ಬಂದ ಹಗ್ಗದ ಗೆರೆ. ಅದರ ಹಿಂದೆ ತನ್ನ ಎಡಗಡೆಯ ಸ್ಕೀ ಹಿಮವನ್ನು ಅಗೆದು ಹಾಕಿದ ಗುಂಡಿ. ಯಾರು ನೋಡಿದರೂ ತಿಳಿಯುತ್ತಿತ್ತು. ಮಂಜಿನೊಳಗಿಂದ ಸಣ್ಣ ಹಿಮ ಉದುರಲು ಶುರುವಾಗಿತ್ತು. ಗೆರೆ ಅಲ್ಲಲ್ಲಿ ಆಗಲೇ ಹೂತುಹೋಗಿತ್ತು.

ಫೋನು ಜೇಬಿನಲ್ಲಿತ್ತು. ವಾರಿಕ್ ಇನ್ನೂ ಬೆಟ್ಟದ ಕೆಳಗಿನ ಜಿಂಡಬೈನ್ ಊರು ದಾಟಿರಲಾರ. ನಾಳೆ ಬೆಳಿಗ್ಗೆಯೊಳಗೆ ಟಿಲ್ಲಿ ಬರಬಹುದು. ಒಂದು ಮಾತು ಸಾಕು.

ಅವನು ಹಗ್ಗದ ಗೆರೆಯ ಮೇಲೆ ಕೂತ. ಕೈಗಳನ್ನು ಮಡಿಲಲ್ಲಿಟ್ಟುಕೊಂಡ.

ಮೇಲಿನಿಂದ ಕೂಗು ಕೇಳಿಸಿತು. ದಿನದ ಕೊನೆಗೆ ಗಸ್ತಿನವರು ಬೆಟ್ಟದ ಅಗಲಕ್ಕೂ ಸಾಲಾಗಿ ಹರಡಿಕೊಂಡು ಇಳಿಯುತ್ತಾರೆ. ಪ್ರತಿ ತಿರುವಿನಲ್ಲೂ ನಿಂತು ಕೂಗುತ್ತಾರೆ. ಕೂಗಿದ ಮೇಲೆ ಸುಮ್ಮನೆ ನಿಂತು ಕಿವಿಗೊಡುತ್ತಾರೆ, ಉತ್ತರ ಬರುತ್ತದೇನೋ ಎಂದು.

"ಮುಚ್ತಾ ಇದೀವೀ! ಯಾರಾದ್ರೂ ಇದೀರಾ?"

ಹೆಂಗಸಿನ ದನಿ. ಬಿಳುಪಿನೊಳಗೆ ಎಲ್ಲೋ ಅವಳು ನಿಂತಿದ್ದಳು. ಅವಳು ಕೇಳಿಸಿಕೊಳ್ಳುತ್ತಿರುವುದು ಅವನಿಗೆ ಕೇಳಿಸುತ್ತಿತ್ತು.

ಡಂಕನ್ ಬಾಯಿ ತೆರೆದ. ಹಿಮದ ಹಳುಕೊಂದು ನಾಲಗೆಯ ಮೇಲೆ ಬಿದ್ದು ಕರಗಿತು. ಎಂದಿನ ಹ್ಞೂಂ ಆಗಿದ್ದರೂ ಆಗುತ್ತಿತ್ತು.

"ಅಲ್ಲಿ ಯಾರಾದ್ರೂ ಇದೀರೇನ್ರೀ?"

ಸ್ಕೀಗಳು ಸವರಿ ಹೋದ ಸದ್ದು, ತೀರ ಹತ್ತಿರದಲ್ಲಿ. ಆಮೇಲೆ ಸದ್ದಿಲ್ಲ. ಅವನು ಬಾಯಿ ತೆರೆದುಕೊಂಡೇ ಕೂತಿದ್ದ.

ಮತ್ತೆ ಕೂಗಿದರು. ಈ ಸಲ ಕೂಗು ಅವನ ಕೆಳಗಿನಿಂದ ಕೇಳಿಸಿತು.