ಇಪ್ಪತ್ತೊಂದನೆಯ ನೈದಿಲೆ

ಹೊಂಡದ ಕೆಸರಿನೊಳಗಿಂದ ಗೋದೂಬಾಯಿ ಕೈ ಹೊರಗೆ ತೆಗೆದಾಗ ಮುಷ್ಟಿಯಲ್ಲಿ ಒಂದು ಮಣ್ಣಿನ ಉಂಡೆ ಇತ್ತು. ಕಲ್ಲಿರಬೇಕೆಂದು ಹಿಸುಕಿ ನೋಡಿದಳು. ಉಂಡೆ ಒಡೆಯಿತು. ಒಳಗಿದ್ದದ್ದು ಕಲ್ಲಲ್ಲ, ಎಲುಬು.

ಅರ್ಧ ಸುಟ್ಟು ಕರ್ರಗಾದ, ಒಂದು ತುದಿ ಗುಂಡಗಿದ್ದ, ಬೆರಳುದ್ದದ ಎಲುಬು. ಅದೂ ಎಲ್ಲಿ? ಉಳ್ಳಾಗಡ್ಡಿ ಸಹ ಹೊಸ್ತಿಲು ದಾಟದ ಆಚಾರದ ಮನೆಯ ಹಿತ್ತಲಿನಲ್ಲಿ, ದೇವರಿಗೆಂದೇ ಬೆಳೆಸಿದ ನೈದಿಲೆಯ ಬುಡದಲ್ಲಿ. ಗೋದೂಬಾಯಿಗೆ ಎಸೆಯೋಣವೆಂದರೆ ಬೆರಳು ಬಿಚ್ಚಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಹಾಗೇ ನಿಂತುಬಿಟ್ಟಳು.

ಅವಳ ಗಾಬರಿ ನಿಮಗೆ ತಿಳಿಯಬೇಕಾದರೆ ಆ ಹೊಂಡದ ಕತೆ ಹೇಳಲೇಬೇಕು. ಗಂಡ ರಘೋತ್ತಮ ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಮಾಸ್ತರ. ಎಂಬತ್ತಮೂರನೆಯ ಇಸವಿಯಲ್ಲಿ ಕಾಮಾಲೆಯಾಗಿ ಹಾಸಿಗೆ ಹಿಡಿದ, ಮೈಯೆಲ್ಲ ಅರಿಸಿನ. ಗೋದೂಬಾಯಿ ಕದರಮಂಡಲಗಿಗೆ ಓಡಿಹೋಗಿ ಹಣಮಪ್ಪನ ಮುಂದೆ ಸೆರಗೊಡ್ಡಿದಳು. ಇವರು ಎದ್ದು ಓಡಾಡಲಿ, ನನ್ನ ಹಿತ್ತಲಲ್ಲಿ ನಾನೇ ಬೆಳೆಸಿದ ಇಪ್ಪತ್ತೊಂದು ನೈದಿಲೆ ನಿನಗೆ ಏರಿಸುತ್ತೇನೆ, ಅಲ್ಲಿಯ ತನಕ ಒಪ್ಪತ್ತು ಉಣ್ಣುತ್ತೇನೆ ಎಂದಳು. ಹರಕೆ ಹೊರುವವರು ಮಲ್ಲಿಗೆ ಅನ್ನಬಾರದೇ, ಸೇವಂತಿಗೆ ಅನ್ನಬಾರದೇ? ಇವಳ ಬಾಯಿಗೆ ನೈದಿಲೆಯೇ ಬರಬೇಕಾಗಿತ್ತು. ರಘೋತ್ತಮನೇನೋ ಎರಡೇ ತಿಂಗಳಿಗೆ ಎದ್ದು ಸೈಕಲ್ಲು ಹತ್ತಿದ. ಮಾತು ಉಳಿಸಿಕೊಳ್ಳುವ ಕಷ್ಟ ಇವಳಿಗೆ ಬಂತು.

ಹೊಸರಿತ್ತಿಯ ತವರಿನಿಂದ ಗಡ್ಡೆ ತಂದಳು. ಹಿತ್ತಲು ಅಗೆಸಿ ಸಿಮೆಂಟು ಮೆತ್ತಿಸಿ ಹೊಂಡ ಮಾಡಿಸಿದಳು. ಬಿಸಿಲು ಬೀಳಲಿ ಎಂದು ಬೇವಿನ ಟೊಂಗೆ ಕಡಿಸಿದಳು. ಸಗಣಿ ಹಾಕಿದರೆ ನೀರು ಹಸಿರಾಗಿ ನಾರಿತು. ಎಲೆಗಳೋ, ತಟ್ಟೆಯಗಲ ಹರಡಿಕೊಂಡು ಮೆರೆದವು. ಮೊಗ್ಗು ಮಾತ್ರ ಇಲ್ಲ. ಒಂದಲ್ಲ, ಎರಡಲ್ಲ, ಮೂರು ವರ್ಷ. ಒಪ್ಪತ್ತಿನ ಊಟಕ್ಕೆ ಗೋದೂಬಾಯಿಯ ಬಳೆ ಮೊಣಕೈ ತನಕ ಜಾರತೊಡಗಿದವು, ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಗಂಡ ಬೇಡಿಕೊಂಡ, ಬೈದ, ಮಾತು ಬಿಟ್ಟ. ಅವಳು ಜಗ್ಗಲಿಲ್ಲ.

ಹೊಟ್ಟೆ ಉರಿಸಲೆಂದೇ ಎಂಬಂತೆ ಗೋಡೆಯಾಚೆ ಖತೀಜಾಬಿಯ ಮನೆಯ, ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಅದೇ ಗಡ್ಡೆಯ ನೈದಿಲೆ ತುಂಬಿ ಬಿಡುತ್ತಿತ್ತು. ಖತೀಜಾಬಿ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದು ಕೊಡುವವಳು, ಗೋದೂಬಾಯಿಯ ಜೀವದ ಗೆಳತಿ. ಬೇಕಾದಷ್ಟು ಹೂವು ಒಯ್ಯಿರಿ ಅನ್ನುತ್ತಿದ್ದಳು. ಆದರೆ ಹರಕೆ ಹೊತ್ತದ್ದು ಸ್ವಂತ ಹಿತ್ತಲಿನ ಹೂವಿಗೆ.

ಈ ವರ್ಷ ಯುಗಾದಿ ಕಳೆದದ್ದೇ ತಡ, ಹೊಂಡದಲ್ಲಿ ಮೊಗ್ಗು ತಲೆ ಎತ್ತಿತು. ಆಮೇಲೆ ಇನ್ನೊಂದು, ಮತ್ತೊಂದು. ದೇವರ ಮನೆಯ ಹಣಮಪ್ಪನ ಪಟಕ್ಕೆ ಒಂದೊಂದೇ ಏರಿಸಿ, ಗೋಡೆಗೆ ಒಂದೊಂದು ಕುಂಕುಮದ ಬೊಟ್ಟು ಇಟ್ಟಳು. ಇಪ್ಪತ್ತು ಬೊಟ್ಟಾದವು. ಕೊನೆಯದನ್ನು ಕದರಮಂಡಲಗಿಗೇ ಒಯ್ಯಬೇಕೆಂದು ಕಾದಳು. ಮೊಗ್ಗು ನಿಂತೇಹೋಯಿತು. ತಿಂಗಳು ಕಾದು, ಬೇರಿಗೆ ಏನಾಗಿದೆಯೋ ನೋಡೋಣವೆಂದು ಇವತ್ತು ಹೊಂಡಕ್ಕೆ ಇಳಿದಿದ್ದಳು.

ಇಪ್ಪತ್ತು ಹೂವು. ಅಷ್ಟೂ ಎಲುಬಿನ ಮೇಲೆ ಬೆಳೆದವು. ದೇವರ ತಲೆಯ ಮೇಲೆ ತಾನೇ ಕೈಯಾರೆ ಇಟ್ಟಿದ್ದಳು.

ಅಷ್ಟರಲ್ಲಿ ಖತೀಜಾಬಿ ಗೋಡೆಯ ಮೇಲಿಂದ ಇಣುಕಿದಳು. ಗೆಳತಿಯ ಕೈಯಲ್ಲಿದ್ದದ್ದನ್ನು ಕಂಡು ಅವಳ ಮುಖ ಬಿಳಚಿಕೊಂಡಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಖತೀಜಾ, ಇದೇನಿದು?"

"ಆಡಿನ ಎಲುಬುರಿ, ಬಾಯಾರ."

"ನೀ ಹಾಕೀಯೇನು?"

"ಹೂಂರಿ. ಸುಟ್ಟು, ಕೆರಿ ಮಣ್ಣಾಗ ಉಂಡಿ ಕಟ್ಟಿ ಹಾಕೀನಿ. ನನ್ನ ದೋಣ್ಯಾಗೂ ಗೊಬ್ಬರಂತ ಅದನ್ನ ಹಾಕೂದು."

"ನನ್ನ ದೇವರಿಗೆ ಹೋಗೂ ಹೂವು ಅಂತ ನಿನಗ ಗೊತ್ತಿತ್ತಲ್ಲ. ಇಷ್ಟು ವರ್ಷ ನಿನ್ನ ಅಕ್ಕ-ತಂಗಿ ಅಂತ ತಿಳಕೊಂಡಿದ್ದೆ."

ಖತೀಜಾಬಿ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಇನ್ನೊಂದು ಮಾತು ಬಂದಿದ್ದರೆ ಆ ಗೆಳೆತನ ಅಲ್ಲಿಗೆ ಮುಗಿಯುತ್ತಿತ್ತು. ಮಾತು ಬಂದದ್ದು ಹಿಂದಿನ ಪಡಸಾಲೆಯಿಂದ.

"ಅಕೀನ್ನ ಯಾಕ ಬೈತಿ? ಹಾಕಿಸಿದಾಕಿ ನಾನು."

ಜಪಮಣಿ ಹಿಡಿದು ಕೂತಿದ್ದ ಅತ್ತೆ ಇಂದಿರಾಬಾಯಿ. ನಳದ ನೀರು ಹಿಡಿಯುವ ಮೊದಲು ನಳವನ್ನೇ ಮೂರು ಸಲ ತೊಳೆಯುವ ಇಂದಿರಾಬಾಯಿ. ಬಸ್ಸಿನಲ್ಲಿ ಕೂತು ಬಂದರೆ ಉಟ್ಟ ಸೀರೆಯನ್ನು ನೀರಿಗೆ ಎಸೆಯುವ ಇಂದಿರಾಬಾಯಿ. ಗೋದೂಬಾಯಿಗೆ ಕಿವಿ ಕೆಟ್ಟಿತೇನೋ ಅನ್ನಿಸಿತು.

"ಅತ್ಯಾ, ನೀವು ಏನು ಹೇಳ್ಲಿಕ್ಕೆ ಹತ್ತೀರಿ ನಿಮಗ ಗೊತ್ತದ ಏನು?"

"ಗೊತ್ತದ. ಯುಗಾದಿ ಮುಂದ ನೀ ಬಾವಿ ಕಟ್ಟೀ ಮ್ಯಾಲೆ ಚಕ್ಕರ ಬಂದು ಬಿದ್ದಿ ನೋಡು, ಅವತ್ತು ನಾನ ಗೋಡಿ ಹತ್ರ ಹೋಗಿ ಕೇಳಿದೆ, ನಿನ್ನ ಹೂವು ಹೆಂಗ ಬಿಡ್ತಾವ ಖತೀಜಾ ಅಂತ. ಎಲುಬು ಅಂದ್ಲು. ನಮ್ಮ ಹೊಂಡದಾಗೂ ಹಾಕು ಅಂದ್ರ ಒಲ್ಲೆ, ಪಾಪ ಬರ್ತದ ಅಂತ ಅತ್ತಳು. ಪಾಪ ನನಗಿರ್ಲಿ, ನೀ ಹಾಕು ಅಂದೆ. ನನ್ನ ಮಗನ್ನ ಉಳಿಸ್ಕೋಬೇಕಂತ ನೀ ಮೂರು ವರ್ಷ ಉಪವಾಸ ಬಿದ್ದಿ. ನಿನ್ನ ಉಳಿಸ್ಕೊಳ್ಳಾಕಿ ಯಾರು?"

ಇಂದಿರಾಬಾಯಿ ಮಣಿ ಎಣಿಸುವುದನ್ನು ನಿಲ್ಲಿಸಿದ್ದರು.

"ದೇವರ ಮುಂದ ಸುಳ್ಳು ನಡಿಯೂದಿಲ್ಲ. ಅದಕ್ಕ ಅವತ್ತಿನಿಂದ ನಾ ದೇವರ ಮನಿ ಮೆಟ್ಟಲಾ ಹತ್ತಿಲ್ಲ. ತೀರ್ಥಾನೂ ತಗೊಂಡಿಲ್ಲ."

ಅಯ್ಯೋ ಶಿವನೇ, ಮೊಣಕಾಲು ನೋವು ಎಂದಿದ್ದರಲ್ಲ. ಯುಗಾದಿಯಿಂದ ಒಂದೇ ರಾಗ, ಆ ಮೆಟ್ಟಿಲು ಹತ್ತಲಾರೆ, ನೀನೇ ಪೂಜೆ ಮಾಡು ಎಂದು. ಮೊನ್ನೆ ಉಪ್ಪಿನಕಾಯಿ ಭರಣಿಗೆಂದು ನಿಚ್ಚಣಿಕೆ ಏರಿ ಅಟ್ಟ ಹತ್ತಿದಾಗಲೂ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಐವತ್ತು ವರ್ಷ ತೀರ್ಥವಿಲ್ಲದೆ ಗುಟುಕು ನೀರು ಕುಡಿಯದ ಮುದುಕಿ, ಸೊಸೆ ಎರಡು ಹೊತ್ತು ಉಣ್ಣಲಿ ಎಂದು ಐದು ತಿಂಗಳಿಂದ ದೇವರನ್ನೇ ಬಿಟ್ಟು ಕೂತಿದ್ದಳು.

ಗೋದೂಬಾಯಿ ಎಲುಬನ್ನು ಹೊಂಡದ ಅಂಚಿಗೆ ಇಟ್ಟಳು. ಬಾವಿಯಿಂದ ಎರಡು ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡಳು. ಒದ್ದೆ ಸೀರೆಯಲ್ಲೇ ದೇವರ ಮನೆಗೆ ಹೋಗಿ, ಶಂಖದಲ್ಲಿ ನೀರು ತುಂಬಿಕೊಂಡು ಪಡಸಾಲೆಗೆ ಬಂದಳು.

"ಅತ್ಯಾ, ಈ ಶಂಖ ಏನು ಗಿಡದಾಗ ಬಿಟ್ಟದ್ದೇನು?"

ಇಂದಿರಾಬಾಯಿ ಶಂಖವನ್ನೇ ನೋಡಿದರು.

"ಇದೂ ಒಂದು ಜೀವದ ಮೈಯಾಗಿಂದ ಬಂದದ್ದ. ದಿನಾ ಇದರಾಗ ನೀರು ತುಂಬಿ ದೇವರ ಮ್ಯಾಲೆ ಹಾಕ್ತೀವಿ. ಕೈ ಹಿಡೀರಿ."

ಮುದುಕಿ ಬೊಗಸೆ ಒಡ್ಡಲು ಬಹಳ ಹೊತ್ತು ಹಿಡಿಯಿತು. ತೀರ್ಥ ತೆಗೆದುಕೊಂಡು, ಅದೇ ಒದ್ದೆ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಗೋದೂಬಾಯಿಯೂ ಅತ್ತಳು. ಗೋಡೆಯಾಚೆ ಖತೀಜಾಬಿ ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು.

"ಬಾಯಾರ, ಆ ಎಲುಬು ಇತ್ತಾಗ ಕೊಡ್ರಿ, ದೂರ ಒಗದ್ ಬರ್ತೀನಿ."

ಗೋದೂಬಾಯಿ ಹೊಂಡದ ಹತ್ತಿರ ಹೋಗಿ, ಅಂಚಿನಲ್ಲಿದ್ದದ್ದನ್ನು ದಿಟ್ಟಿಸಿದಳು. ಇಲ್ಲಿಯ ತನಕದ ಇಪ್ಪತ್ತು ಗೊತ್ತಿಲ್ಲದೆ ಆದದ್ದು. ಇನ್ನೊಂದು ಗೊತ್ತಿದ್ದೇ ಆಗಬೇಕು. ಒಂದು ಹಿಡಿ ಕೆಸರು ತೆಗೆದು, ಎಲುಬನ್ನು ಅದರೊಳಗಿಟ್ಟು, ಲಾಡು ಕಟ್ಟಿದಂತೆ ದುಂಡಗೆ ಉಂಡೆ ಕಟ್ಟಿದಳು. ಮತ್ತೆ ನೀರಿಗಿಳಿದು, ಮೊಣಕೈ ತನಕ ಕೈ ಹಾಕಿ, ಬೇರಿನ ಬುಡಕ್ಕೆ ಒತ್ತಿದಳು.

"ಅತ್ಯಾ, ಮತ್ತೊಮ್ಮೆ ಜಳಕಾ ಮಾಡಬೇಕು," ಎಂದಳು. "ಅಷ್ಟರಾಗ ನೀವು ಪೂಜಾಕ್ಕ ಕೂಡ್ರಿ."