ಒಂಬತ್ತು ಪೆಟ್ಟಿಗೆಗಳ ಗೋಡೆ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಕೂಲಣ್ಣ ಎಂದು. ಇಪ್ಪತ್ತಮೂರು ವರ್ಷದಿಂದ ಎ.ಸಿ. ಕೂರಿಸುವುದು, ರಿಪೇರಿ ಮಾಡುವುದು ಅವನ ಕಸುಬು. ಆ ಕಸುಬು ಅವನಿಗೆ ಕಲಿಸಿದ್ದು ಒಂದೇ ತತ್ವ: ಒಳಗಿರುವವರು ತಣ್ಣಗಿರಬೇಕು, ಬಿಸಿಯೆಲ್ಲ ಹೊರಗೆ ಹೋಗಬೇಕು. ಹೊರಗೆ ಹೋದ ಬಿಸಿ ಯಾರ ಮೇಲೆ ಬಿತ್ತು ಎಂದು ಕೇಳುವವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಅವನು ಧಾರಾಳವಾಗಿ ಹೇಳುತ್ತಿದ್ದ.

ಹಾಗೆ ಕೇಳುವವರು ಅವನ ಮನೆಯಲ್ಲೇ ಇದ್ದರು. ಅವನ ಹೆಂಡತಿಯ ತಾಯಿ. ಆರು ವರ್ಷದಿಂದ ಅವರ ವಾಸ ಹಿಂದಿನ ಕೋಣೆಯಲ್ಲಿ. ಆ ಕೋಣೆಗಿರುವುದು ಒಂದೇ ಕಿಟಕಿ. ಕಿಟಕಿಯ ಆಚೆ ಎರಡು ಮಾರು ಅಗಲದ ಸಂದಿ. ಸಂದಿಯ ಆಚೆ ಒಂದು ಆಫೀಸಿನ ಗೋಡೆ. ಗೋಡೆಯ ಮೇಲೆ ಎ.ಸಿ.ಗಳ ಹೊರಗಿನ ಪೆಟ್ಟಿಗೆಗಳು ಒಂಬತ್ತು. ಅತ್ತೆ ಬಂದಾಗ ಮೂರಿದ್ದವು, ಆಮೇಲೆ ವರ್ಷಕ್ಕೊಂದರಂತೆ ಬೆಳೆದವು. ಒಂಬತ್ತನ್ನೂ ಬ್ರಾಕೆಟ್ ಹೊಡೆದು ಕೂರಿಸಿದ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ಸ್ವಂತ ಅಳಿಯ. ಬೆಳಗ್ಗೆ ಆಫೀಸು ತೆರೆದರೆ ಸಂಜೆ ಆರರವರೆಗೂ ಒಂಬತ್ತು ಫ್ಯಾನುಗಳು ಅತ್ತೆಯ ಕಿಟಕಿಗೆ ಮುಖ ಮಾಡಿ ಬಿಸಿಗಾಳಿ ಊದುತ್ತಿದ್ದವು. ಎರಡು ವರ್ಷದಿಂದ ಅವರು ಆ ಕಿಟಕಿಯನ್ನು ತೆರೆದೇ ಇರಲಿಲ್ಲ.

"ಅಳಿಯಂದಿರೇ, ನಿಮ್ಮ ಪೆಟ್ಟಿಗೆಗಳು ನನ್ನನ್ನ ಬೇಯಿಸ್ತಾ ಇವೆ" ಎಂದು ಅತ್ತೆ ಹೇಳಿದಾಗೆಲ್ಲ ಅವನ ಉತ್ತರ ಸಿದ್ಧವಿರುತ್ತಿತ್ತು. "ಬಿಸಿಗಾಳಿ ಮೇಲಕ್ಕೆ ಹೋಗಿಬಿಡುತ್ತೆ ಅತ್ತೆ. ನಿಮಗಾಗ್ತಿರೋದು ವಯಸ್ಸಿನ ಉರಿ."

ಹಾಗೆಂದು ಅವನು ಕಲ್ಲುಮನಸ್ಸಿನವನಲ್ಲ. "ನಿಮ್ಮ ರೂಮಿಗೂ ಒಂದು ಎ.ಸಿ. ಹಾಕಿಕೊಡ್ತೀನಿ" ಎಂದು ಹೇಳಿಯೂ ನೋಡಿದ್ದ. ಅತ್ತೆ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿ, "ಹಾಕಿ. ನನ್ನ ಪೆಟ್ಟಿಗೆ ಯಾರ ಮುಖಕ್ಕೆ ಊದಬೇಕು ಅಂತ ಮೊದಲು ಹೇಳಿ" ಎಂದಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಅವನು ಯಾರಿಗೂ ಹೇಳದ ಸಂಗತಿಯೊಂದಿತ್ತು. ಆಫೀಸಿನ ಮ್ಯಾನೇಜರು ಪ್ರತಿ ಸಲವೂ, "ಗೋಡೆಗೋ ತಾರಸಿಗೋ?" ಎಂದು ಕೇಳಿದ್ದ. ತಾರಸಿಗೆ ಹಾಕುವುದೆಂದರೆ ಪೈಪು ಮೂರು ಮಹಡಿ ಎಳೆಯಬೇಕು, ಪೆಟ್ಟಿಗೆ ಹೊತ್ತು ಏಣಿ ಹತ್ತಬೇಕು, ಬಿಸಿಲಲ್ಲಿ ಒದ್ದಾಡಬೇಕು. ಗೋಡೆಯಾದರೆ ಅರ್ಧ ದಿನದ ಕೆಲಸ. ಒಂಬತ್ತು ಸಲವೂ ಕೂಲಣ್ಣ, "ಗೋಡೆಗೇ ಸರಿ ಸಾರ್" ಎಂದಿದ್ದ.

ಈಗ ಆಫೀಸಿಗೆ ಇನ್ನೂ ನಾಲ್ಕು ಬೇಕಾಗಿದ್ದವು. ಸುದ್ದಿ ಕಿವಿಗೆ ಬಿದ್ದ ದಿನ ಅತ್ತೆ ತಣ್ಣಗೆ, "ಹತ್ತನೇ ಪೆಟ್ಟಿಗೆ ಹತ್ತಿದ ದಿನ ನಾನು ಚಿಕ್ಕವಳ ಮನೆಗೆ ಹೊರಟೆ" ಎಂದರು. ಚಿಕ್ಕ ಮಗಳ ಮನೆಯಲ್ಲಿ ಮೂರು ನಾಯಿಗಳಿದ್ದವು. ನಾಯಿ ಕಂಡರೆ ಅತ್ತೆ ಸ್ಟೂಲು ಹತ್ತುವವರು. ಅಲ್ಲಿಗೆ ಹೋಗುತ್ತೇನೆ ಎನ್ನುತ್ತಾರೆಂದರೆ ವಿಷಯ ಕೈಮೀರಿದೆ ಎಂದೇ ಅರ್ಥ. ಹೆಂಡತಿಯ ಕಡೆ ನೋಡಿದರೆ ಅವಳು ಏನೂ ಹೇಳಲಿಲ್ಲ. ಬೈದಿದ್ದರೆ ಬಚಾವಾಗಬಹುದಿತ್ತು. ಅವಳು ಸುಮ್ಮನಾದರೆ ಮಾತ್ರ ಕೂಲಣ್ಣನಿಗೆ ಕೈಕಾಲು ಆಡುತ್ತಿರಲಿಲ್ಲ.

ಆ ವಾರವೇ ಒಬ್ಬ ಕಲಾವಿದೆಯ ಫೋನು ಬಂತು. ಕೂದಲು ಗಿಡ್ಡ ಕತ್ತರಿಸಿಕೊಂಡ, ಜೇಬಿನಲ್ಲಿ ಸದಾ ಅಳತೆಯ ಟೇಪು ಇಟ್ಟುಕೊಂಡ ಹೆಣ್ಣುಮಗಳು. ತನ್ನ ಪ್ರದರ್ಶನದ ಗ್ಯಾಲರಿಗೆ ಕರೆಸಿಕೊಂಡು ಅಕ್ಕಪಕ್ಕದ ಎರಡು ಕೋಣೆ ತೋರಿಸಿದಳು. "ಆರು ಎ.ಸಿ. ಬೇಕು. ಒಳಗಿನ ಯೂನಿಟ್‌ಗಳು ಈ ಸೋಫಾ ಇರೋ ರೂಮಿಗೆ. ಹೊರಗಿನ ಪೆಟ್ಟಿಗೆಗಳೆಲ್ಲ ಪಕ್ಕದ ರೂಮಿನ ಒಳಗೆ."

"ತಿರುಗಾಮುರುಗಾ ಹೇಳ್ತಿದೀರಿ ಮೇಡಂ. ಹೊರಗಿನದು ಹೊರಗೆ ಹೋಗಬೇಕು."

"ಜನ ಇಲ್ಲಿ ತಣ್ಣಗೆ ಕೂತು, ಆಮೇಲೆ ಆ ಬಾಗಿಲು ತೆಗೆದು ಒಳಗೆ ಹೋಗ್ತಾರೆ. ನಾವು ಹೊರಗೆ ಎಸೆಯೋ ಬಿಸಿ ಹೇಗಿರುತ್ತೆ ಅಂತ ನಿಂತು ನೋಡ್ತಾರೆ. ನಲವತ್ನಾಲ್ಕು ಡಿಗ್ರಿ ಬೇಕು ನನಗೆ. ಕೃತಿಯ ಹೆಸರು 'ಹೊರಗೆ'."

ಬಿಸಿಗೆ ಟಿಕೆಟ್ಟು ಕೊಂಡು ಬರುವವರೂ ಇದ್ದಾರೆಯೇ ಎಂದು ಕೂಲಣ್ಣನಿಗೆ ಒಳಗೊಳಗೇ ನಗು. ಆದರೆ ಕೆಲಸ ಕೆಲಸವೇ. ನಾಲ್ಕು ದಿನದಲ್ಲಿ ಪೈಪು ಎಳೆದು, ಅದರೊಳಗಿನ ಗಾಳಿ ಹೀರಿ ತೆಗೆದು, ಗ್ಯಾಸು ಬಿಟ್ಟು ಚಾಲು ಮಾಡಿದ. ಹತ್ತೇ ನಿಮಿಷದಲ್ಲಿ ಪಕ್ಕದ ಕೋಣೆ ಕಾದು ಕೆಂಡವಾಯಿತು. ಇಪ್ಪತ್ತನೇ ನಿಮಿಷಕ್ಕೆ ಬಿಸಿ ತಾಳಲಾರದೆ ಪೆಟ್ಟಿಗೆಗಳು ಒಂದೊಂದಾಗಿ ತಾವೇ ನಿಂತುಹೋದವು. ತಾನು ಹಾಕಿದ ಮಷೀನು ಹೀಗೆ ಕಣ್ಣೆದುರೇ ಕೈಕೊಟ್ಟರೆ ಯಾವ ಮೆಕ್ಯಾನಿಕ್ ಸುಮ್ಮನಿರುತ್ತಾನೆ? ಕಲಾವಿದೆ ಮಧ್ಯಾಹ್ನ ಊಟಕ್ಕೆ ಹೋದಾಗ ಬಿಸಿಯನ್ನು ಹೊರಗೆಳೆಯುವ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು ತಂದು ಆ ಕೋಣೆಯ ಗೋಡೆಗೆ ಕೂರಿಸಿಯೇ ಬಿಟ್ಟ. ಆಮೇಲೆ ಬಾಗಿಲ ಸಂದಿಯಿಂದ ಪಕ್ಕದ ತಂಪೂ ನುಗ್ಗಿ ಬಂತು. ಪೆಟ್ಟಿಗೆಗಳು ಸುಸೂತ್ರವಾಗಿ ಓಡಿದವು. ಕೂಲಣ್ಣ ಹೊಟ್ಟೆ ತಣ್ಣಗಾಗಿ ಮನೆಗೆ ಹೋದ.

ಮರುದಿನ ಉದ್ಘಾಟನೆ. ಗಡ್ಡದ ವಿಮರ್ಶಕರೊಬ್ಬರು ಕರ್ಚೀಫು ಹಿಡಿದುಕೊಂಡೇ ಬಿಸಿ ಕೋಣೆಗೆ ಹೊಕ್ಕರು. ಒಳಗೆ ಹಿತವಾದ ಗಾಳಿ ಬೀಸುತ್ತಿತ್ತು. ಅವರು ಕಣ್ಣುಮುಚ್ಚಿ ಬಹಳ ಹೊತ್ತು ನಿಂತು, "ಸೆಕೆಗೆ ಸಿದ್ಧನಾಗಿ ಬಂದವನಿಗೆ ತಂಗಾಳಿ ಸಿಗುತ್ತದೆ. ನಾಳೆಯ ಬಗ್ಗೆ ಎಂಥ ಭರವಸೆ!" ಎಂದರು. ಜನ ಚಪ್ಪಾಳೆ ತಟ್ಟಿದರು. ಕಲಾವಿದೆ ಹಲ್ಲು ಕಚ್ಚಿಕೊಂಡು ನಕ್ಕು, ಹೊರಗೆ ಬಂದು ಫೋನು ತೆಗೆದಳು.

"ನನ್ನ ರೂಮಿಗೆ ಏನು ಮಾಡಿದ್ರಿ?"

"ಸರಿ ಮಾಡಿದೆ ಮೇಡಂ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ಫ್ರೀ."

ಅವತ್ತು ಅವಳು ಆಡಿದ ಮಾತುಗಳನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಮರುದಿನ ಬೆಳಗ್ಗೆ ಒಂದು ಫ್ಯಾನು ಬಿಚ್ಚಿ, ಇನ್ನೊಂದು ನಿಧಾನಕ್ಕೆ ತಿರುಗುವಂತೆ ಮಾಡಿ, ಬಾಗಿಲ ಸಂದಿಗೆ ರಬ್ಬರು ಹೊಡೆದು, ಪೆಟ್ಟಿಗೆಯೂ ನಿಲ್ಲದ ಹಾಗೆ ಬಿಸಿಯೂ ತಗ್ಗದ ಹಾಗೆ ಸರಿಯಾಗಿ ನಲವತ್ನಾಲ್ಕಕ್ಕೆ ತಂದಿಟ್ಟ. ಕಲಾವಿದೆ ಸಮಾಧಾನವಾಗಿ, ಕೃತಿಯ ಪಕ್ಕದ ಫಲಕದಲ್ಲಿ ಅವನ ಹೆಸರನ್ನೂ ಸಣ್ಣಕ್ಷರದಲ್ಲಿ ಬರೆಸಿದಳು.

ಅಷ್ಟು ಸಾಕಾಯಿತು. ಕೂಲಣ್ಣ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಕಲೆಗೂ ತನಗೂ ಇರುವ ನಂಟನ್ನು ಮೂರು ದಿನ ಕೇಳಿದ ಮೇಲೆ ಅತ್ತೆ, "ನಡೀರಿ, ನೋಡೇಬಿಡೋಣ" ಎಂದು ಕೈಚೀಲ ತೆಗೆದುಕೊಂಡರು. ಮಾತು ಬಿಟ್ಟಿದ್ದ ಹೆಂಡತಿಯೂ ಚಪ್ಪಲಿ ಮೆಟ್ಟಿದಳು.

ಭಾನುವಾರ, ಗ್ಯಾಲರಿಯಲ್ಲಿ ಸಾಲು ನಿಂತಿತ್ತು. ಬಿಸಿ ಕೋಣೆಗೆ ಹೋದವರು ಎರಡೇ ನಿಮಿಷದಲ್ಲಿ ಬೆವರು ಇಳಿಸಿಕೊಂಡು ಬಂದು, "ಭಯಂಕರ ಅನುಭವ ಕಣ್ರೀ" ಎಂದು ಸೋಫಾದ ಮೇಲೆ ಬೀಳುತ್ತಿದ್ದರು. ಒಬ್ಬಾಕೆ ಅಳುತ್ತಲೇ ಬಂದಳು. ಅತ್ತೆಯ ಸರದಿ ಬಂತು. ಒಳಗೆ ಹೋದರು.

ಎರಡು ನಿಮಿಷವಾಯಿತು, ಐದಾಯಿತು. ಹತ್ತಾದಾಗ ಸಾಲಿನಲ್ಲಿ ಗುಸುಗುಸು ಎದ್ದಿತು. ವಯಸ್ಸಾದ ಜೀವ, ಒಳಗೆ ನಲವತ್ನಾಲ್ಕು ಡಿಗ್ರಿ, ಹಾಕಿದವನು ತಾನು. ಕೂಲಣ್ಣ ಬಾಗಿಲು ತಳ್ಳಿ ನುಗ್ಗಿದ. ಹಿಂದೆ ಕಲಾವಿದೆ, ಅವಳ ಹಿಂದೆ ಹೆಂಡತಿ.

ಅತ್ತೆ ಗೋಡೆಗೊರಗಿ ನೆಲದ ಮೇಲೆ ಆರಾಮವಾಗಿ ಕೂತಿದ್ದರು. ತೊಡೆಯ ಮೇಲೆ ಅಳಿಯನ ಕೆಲಸದ ಅಂಗಿ. ಕೈಚೀಲದಿಂದ ಸೂಜಿದಾರ ತೆಗೆದು ಅದಕ್ಕೆ ಗುಂಡಿ ಹೊಲಿಯುತ್ತಿದ್ದರು.

"ಅತ್ತೆ, ಏನು ಮಾಡ್ತಿದೀರಿ? ಸೆಕೆ ಆಗ್ತಿಲ್ವಾ?"

"ನೀವು ಹೇಳಿದ್ದು ಇನ್ನೂ ಶುರುವಾಗಲಿಲ್ಲವಲ್ಲ ಅಂತ ಕಾಯ್ತಾ ಇದೀನಿ. ಏನಿದೆ ಇಲ್ಲಿ ನೋಡೋಕೆ? ನನ್ನ ರೂಮಿನ ಹಾಗೇ ಇದೆ. ಅಲ್ಲಿ ಇನ್ನೂ ಮೂರು ಜಾಸ್ತಿ."

ಕಲಾವಿದೆ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಇಷ್ಟು ಬಿಸೀಲಿ ಇರ್ತೀರಾ ಅಮ್ಮಾ, ದಿನಾ?"

"ಆಫೀಸು ಮುಚ್ಚೋವರೆಗೂ. ಭಾನುವಾರ ರಜ." ಅತ್ತೆ ದಾರ ಕಡಿದರು. "ನಮ್ಮ ಅಳಿಯಂದಿರೇ ಹಾಕಿರೋದು. ಒಳ್ಳೆ ಕೆಲಸಗಾರರು, ಒಂದೂ ಕೆಟ್ಟಿಲ್ಲ ಇವತ್ತಿನವರೆಗೂ."

ಅದರಲ್ಲಿ ಕೊಂಕು ಇರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಆರು ಪೆಟ್ಟಿಗೆಗಳು ಅವನ ಮುಖಕ್ಕೇ ಊದುತ್ತಿದ್ದವು. ಕಣ್ಣು ಉರಿಯುತ್ತಿತ್ತು, ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು, ಬಂದು ಇನ್ನೂ ಮೂರು ನಿಮಿಷವೂ ಆಗಿರಲಿಲ್ಲ. ಎದುರಿಗೆ ಅರವತ್ತೆಂಟು ವರ್ಷದ ಹೆಂಗಸು ಇದೇ ಬಿಸಿಯಲ್ಲಿ ಅವನ ಗುಂಡಿ ಹೊಲಿಯುತ್ತಿದ್ದರು. ಕೂಲಣ್ಣನಿಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಆ ಪೆಟ್ಟಿಗೆಗಳನ್ನ ಬೇರೆ ಕಡೆ ಹಾಕೋಕೆ ಆಗ್ತಿರಲಿಲ್ವಾ?" ಕಲಾವಿದೆ ಅವನನ್ನು ಕೇಳಿದಳು.

ಆಗುತ್ತಿರಲಿಲ್ಲ ಎನ್ನಲು ಬಾಯಿ ತೆರೆದ. "ತಾರಸಿಗೆ ಹಾಕಬಹುದಿತ್ತು" ಎಂಬ ಮಾತು ಹೊರಬಿತ್ತು.

ಬಾಗಿಲಲ್ಲಿ ನಿಂತ ಹೆಂಡತಿ ಎರಡು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. "ಹಾಕಬಹುದಿತ್ತಾ?"

"ಕೆಲಸ ಜಾಸ್ತಿ" ಎಂದ ಅವನು, ಇನ್ನೂ ಸಣ್ಣ ದನಿಯಲ್ಲಿ.

ಅತ್ತೆ ಅಂಗಿ ಮಡಚಿ ಚೀಲಕ್ಕೆ ಹಾಕಿ, ಗೋಡೆ ಹಿಡಿದು ಎದ್ದರು. "ಹಾಗಾದ್ರೆ ವಯಸ್ಸಿನ ಉರಿ ಅಲ್ಲ ಅನ್ನಿ. ನಾನು ಡಾಕ್ಟರ ಹತ್ರಾನೂ ಹೋಗಿ ಬಂದೆ."

ಸೋಮವಾರ ಬೆಳಗ್ಗೆಯೇ ಕೂಲಣ್ಣ ಮ್ಯಾನೇಜರ ಮುಂದೆ ನಿಂತಿದ್ದ. ಸಂದಿಯಲ್ಲಿ ಬಿಸಿಗಾಳಿ ಅಲ್ಲೇ ಸುತ್ತಿ ಸುತ್ತಿ ಪೆಟ್ಟಿಗೆಗಳೇ ಸೊರಗುತ್ತಿವೆ, ಕರೆಂಟು ಸುಮ್ಮನೆ ಹಾಳಾಗುತ್ತಿದೆ, ಹಳೆಯ ಒಂಬತ್ತನ್ನೂ ಹೊಸ ನಾಲ್ಕನ್ನೂ ತಾರಸಿಗೇ ಹಾಕುತ್ತೇನೆ, ಕೂಲಿ ಬೇಡ ಎಂದ. ಹೇಳಿದ್ದೆಲ್ಲ ನಿಜವೇ. ಒಂಬತ್ತು ಸಲ ಹೇಳದೆ ನುಂಗಿಕೊಂಡಿದ್ದ ನಿಜ ಅದು.

ಹನ್ನೊಂದು ದಿನ ಹಿಡಿಯಿತು. ಒಂದೊಂದು ಪೆಟ್ಟಿಗೆಯೂ ಹೆಗಲ ಚರ್ಮ ಸುಲಿಯಿತು. ತಾರಸಿಯ ಬಿಸಿಲಲ್ಲಿ ಸ್ಪ್ಯಾನರು ಮುಟ್ಟಿದರೆ ಕೈ ಸುಡುತ್ತಿತ್ತು. ಕೂರಿಸುವ ಮೊದಲು ಅವನು ತಾರಸಿಯ ನಾಲ್ಕೂ ಅಂಚಿಗೆ ಹೋಗಿ, ಯಾರ ಮನೆಯ ಕಿಟಕಿ ಯಾವ ಕಡೆಗಿದೆ ಎಂದು ಬಗ್ಗಿ ಬಗ್ಗಿ ನೋಡಿದ. ಜೊತೆಗಿದ್ದ ಕೆಲಸದವನು, "ಏನಾದ್ರೂ ಬಿದ್ದು ಹೋಯ್ತಾ ಅಣ್ಣಾ?" ಎಂದು ಕೇಳಿದ.

ಕೊನೆಯ ಪೆಟ್ಟಿಗೆ ಮೇಲೇರಿದ ಸಂಜೆ ಕೂಲಣ್ಣ ಅತ್ತೆಯ ಕಿಟಕಿಗೆ ಕೈಹಚ್ಚಿದ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಎರಡು ವರ್ಷದ ಧೂಳು ಗಟ್ಟಿಯಾಗಿ ಕೂತಿತ್ತು. ಸುತ್ತಿಗೆಯ ಹಿಡಿಯಿಂದ ನಾಲ್ಕು ಕಡೆ ಬಡಿದ ಮೇಲೆ ತೆರೆಯಿತು. ಬರಿಗೋಡೆಯನ್ನು ಸವರಿಕೊಂಡು ಗಾಳಿ ಒಳಗೆ ಬಂತು. ಅತ್ತೆ ಮಂಚದ ಮೇಲೆ ಕೂತು ಅದಕ್ಕೆ ಮುಖವೊಡ್ಡಿದರು. ಕೂಲಣ್ಣ ಒಳ್ಳೆಯ ಮಾತೊಂದಕ್ಕೆ ಸ್ವಲ್ಪ ಹೊತ್ತು ಕಾದು ನಿಂತು, ಸಿಗದೆ, ಅಡುಗೆಮನೆಗೆ ಹೋಗಿ ನೀರು ಕುಡಿದ.

ಅತ್ತೆ ಚಿಕ್ಕ ಮಗಳಿಗೆ ಫೋನು ಮಾಡುವುದು ಅಲ್ಲಿಗೇ ಕೇಳಿಸಿತು.

"ಇಲ್ಲ ಕಣೇ, ಈಗ ಬರೋಕಾಗಲ್ಲ. ಇಲ್ಲಿ ಚಳಿ ಶುರುವಾಗಿದೆ. ಹೋದ ಸಲ ನಿಮ್ಮನೇಲಿ ಬಿಟ್ಟು ಬಂದ ಸ್ವೆಟರು ಇತ್ತಲ್ಲ, ಅದನ್ನ ಯಾರ ಕೈಲಾದ್ರೂ ಕಳಿಸಿಕೊಡು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕೂಲಣ್ಣ ಸುಲಿದ ಹೆಗಲನ್ನು ಮುಟ್ಟಿಕೊಂಡು, ಅವಳು ಕೊಟ್ಟ ಇನ್ನೊಂದು ಲೋಟ ನೀರನ್ನೂ ಕುಡಿದ.